ಕೀಲ್ ಹೋದ ಮೇಲೆ ಬಂದವರು: ಹಳೆಯ ‘ಅವೆಂಜರ್ಸ್’ ಡಿವಿಡಿ ಪೆಟ್ಟಿಗೆಯೊಂದರ ವಿಮರ್ಶೆ

ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಕಳೆದ ಬೇಸಿಗೆಯಲ್ಲಿ ಒಂದು ಡಿವಿಡಿ ಪೆಟ್ಟಿಗೆ ಬಂತು. ಲಂಡನ್ನಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ತಂದದ್ದು. ಮೇಲೆ ‘ದಿ ಅವೆಂಜರ್ಸ್’ ಎಂದು ಬರೆದಿರುವುದನ್ನು ಓದಿದ ಮನೆಯ ಮಕ್ಕಳು ಓಡಿಬಂದರು. ಮಾರ್ವೆಲ್ ಸಿನಿಮಾಗಳ ಕಬ್ಬಿಣದ ಕವಚದವನೂ ಸುತ್ತಿಗೆ ಹಿಡಿದವನೂ ಇಲ್ಲದ, ಪೂರಾ ಕಪ್ಪುಬಿಳುಪಿನ ಪತ್ತೇದಾರಿ ಧಾರಾವಾಹಿ ಇದು ಎಂದು ಗೊತ್ತಾದ ಕೂಡಲೇ ಬಂದಷ್ಟೇ ವೇಗದಲ್ಲಿ ಹೊರಟುಹೋದರು. ಉಳಿದವರು ನಾವು ಮೂವರು: ನಾನು, ನನ್ನ ಭಾವ, ಮತ್ತು ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಭಾನುವಾರ ಸಂಜೆ ಒಂದೋ ಎರಡೋ ಕಂತು, ಜೊತೆಗೆ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ ಎಂಬ ಲೆಕ್ಕದಲ್ಲಿ ಪೆಟ್ಟಿಗೆಯನ್ನು ಮುಗಿಸುವ ಹೊತ್ತಿಗೆ ಮಳೆಗಾಲ ಮುಗಿದಿತ್ತು, ಮೊದಲ ನಾಯಕ ಹೋದ ಮೇಲೆ ಧಾರಾವಾಹಿ ಕೆಟ್ಟಿತೋ ಬೆಳೆಯಿತೋ ಎಂಬ ನಮ್ಮ ಜಗಳ ಮಾತ್ರ ಮುಗಿದಿರಲಿಲ್ಲ.

ಕೊಳ್ಳುವ ಯೋಚನೆಯಿರುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಇಂಗ್ಲೆಂಡಿನಲ್ಲಿ ಮಾರುವ ಡಿವಿಡಿಗಳಿಗೆ 2ನೇ ವಲಯದ ಸಂಕೇತವಿರುತ್ತದೆ, ಭಾರತ ಇರುವುದು 5ನೇ ವಲಯದಲ್ಲಿ. ನಮ್ಮ ಹಳೆಯ ಪ್ಲೇಯರ್ ಡಿಸ್ಕನ್ನು ಒಳಗೆ ಎಳೆದುಕೊಂಡು, ಅರ್ಧ ನಿಮಿಷ ಗುಂಯ್‌ಗುಟ್ಟಿ, ಮತ್ತೆ ಹೊರಗೆ ಉಗುಳಿತು. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಒಂದನ್ನು ಮೇಷ್ಟ್ರು ತಮ್ಮ ಮನೆಯ ಅಟ್ಟದಿಂದ ಇಳಿಸಿ ತಂದ ಮೇಲೆಯೇ ನಮ್ಮ ಭಾನುವಾರಗಳು ಆರಂಭವಾದವು.

ಈ ಧಾರಾವಾಹಿ ಇಂಗ್ಲೆಂಡಿನಲ್ಲಿ 1961ರಿಂದ 1969ರವರೆಗೆ ಪ್ರಸಾರವಾಯಿತು. ಉರುಟು ಟೋಪಿ ಧರಿಸಿ ಕೊಡೆ ಹಿಡಿದ ಗೂಢಚಾರ ಜಾನ್ ಸ್ಟೀಡ್, ಅವನ ಜೊತೆಗಾತಿ ಎಮ್ಮಾ ಪೀಲ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಪ್ಯಾಟ್ರಿಕ್ ಮ್ಯಾಕ್ನೀ ಮತ್ತು ಡಯಾನಾ ರಿಗ್. ಆದರೆ ಎಮ್ಮಾ ಪೀಲ್ ಕಾಣಿಸಿಕೊಳ್ಳುವುದು 1965ರಲ್ಲಿ, ನಾಲ್ಕನೇ ಸೀಸನ್ನಿನಲ್ಲಿ. ನಮ್ಮ ಕೈಯಲ್ಲಿದ್ದ ಪೆಟ್ಟಿಗೆ 2009ರದು; ಅದರಲ್ಲಿ 1962–63ರ ಎರಡನೇ ಸೀಸನ್ನಿನ 26 ಕಂತುಗಳೂ, ಮೊದಲ ಸೀಸನ್ನಿನಲ್ಲಿ ಅಂದಿಗೆ ಉಳಿದಿದ್ದ ಚೂರುಗಳೂ ಇವೆ. ಅಂದರೆ ಧಾರಾವಾಹಿಯ ನಾಯಕನೇ ಬಿಟ್ಟುಹೋಗಿ, ಅವನ ಜಾಗಕ್ಕೆ ಮೂವರು ಬಂದು, ಕೊನೆಗೆ ಒಬ್ಬಳು ನಿಂತ ಕಾಲದ ದಾಖಲೆ ಇದು. ಅಭಿಮಾನಿಗಳು ಇಂದಿಗೂ ಕಾದಾಡುವುದು ಆ ಒಂದೆರಡು ವರ್ಷಗಳ ಬಗ್ಗೆಯೇ.

ಮೊದಲ ಸೀಸನ್ನಿನಲ್ಲಿ ನಾಯಕ ಸ್ಟೀಡ್ ಆಗಿರಲಿಲ್ಲ. ಇಯಾನ್ ಹೆಂಡ್ರಿ ಅಭಿನಯಿಸಿದ ಡಾಕ್ಟರ್ ಡೇವಿಡ್ ಕೀಲ್ ನಾಯಕ. ಮಳೆಕೋಟು ತೊಟ್ಟು ಸಂದಿಗೊಂದಿಗಳಲ್ಲಿ ನಿಲ್ಲುವ, ನಂಬಬಹುದೋ ಬಾರದೋ ಎಂದು ತಿಳಿಯದ ಸ್ಟೀಡ್ ಎರಡನೆಯವನು. 1961ರ ಜನವರಿ 7ರಂದು ಪ್ರಸಾರವಾದ ಮೊದಲ ಕಂತು ‘ಹಾಟ್ ಸ್ನೋ’ದಲ್ಲಿ ಕೀಲ್ ಮದುವೆಯಾಗಬೇಕಿದ್ದ ಹುಡುಗಿ ಪೆಗಿ ಗುಂಡಿಗೆ ಬಲಿಯಾಗುತ್ತಾಳೆ, ಅವನು ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ, ಧಾರಾವಾಹಿಗೆ ‘ಅವೆಂಜರ್ಸ್’, ಅಂದರೆ ಸೇಡು ತೀರಿಸಿಕೊಳ್ಳುವವರು, ಎಂಬ ಹೆಸರು ಬಂದದ್ದು ಅಲ್ಲಿಂದ. ಕೀಲ್ ಇದ್ದಾಗಲೇ ಧಾರಾವಾಹಿ ಚೆನ್ನಾಗಿತ್ತು ಎಂಬ ಮೇಷ್ಟ್ರ ವಾದವೆಲ್ಲ ನಿಂತಿರುವುದು ಇದೇ ನೆಲೆಯ ಮೇಲೆ. “ಅಲ್ರೀ, ಸೇಡು ತೀರಿಸಿಕೊಳ್ಳೋನೇ ಹೋದಮೇಲೆ ಆ ಹೆಸರು ಯಾಕ್ರೀ?” ಎಂದು ಅವರು ಕೇಳಿದರೆ, ಭಾವ ಬಜ್ಜಿಯ ತೊಟ್ಟನ್ನು ತಟ್ಟೆಯ ಅಂಚಿಗಿಟ್ಟು, “ಹೆಸರು ಕ್ಷೀರಸಾಗರಭಟ್ಟ, ಮನೆಯಾಗ ಮಜ್ಜಿಗೆಗೂ ಗತಿ ಇಲ್ಲ ಅನ್ನೋದು ಕೇಳಿಲ್ಲೇನ್ರೀ ಮೇಷ್ಟ್ರೇ” ಎಂದು ತಿರುಗೇಟು ಕೊಡುತ್ತಿದ್ದರು.

ಮೇಷ್ಟ್ರ ಪಕ್ಷವನ್ನು ಸಮರ್ಥಿಸಲು ಪೆಟ್ಟಿಗೆಯಲ್ಲಿ ಸಾಕ್ಷ್ಯವೆಷ್ಟಿದೆ ಎಂದು ನೋಡಹೊರಟಾಗ ನಿಜವಾದ ಸ್ವಾರಸ್ಯ ತೆರೆದುಕೊಂಡಿತು. ಮೊದಲ ಸೀಸನ್ನಿನ 26 ಕಂತುಗಳಲ್ಲಿ ಹಲವು ನೇರ ಪ್ರಸಾರವಾದವು. ಬಹುಪಾಲು ಇಂದು ಉಳಿದಿಲ್ಲ, ಕೆಲವಕ್ಕೆ ಟಿವಿ ಪರದೆಯಿಂದ ತೆಗೆದ ನಿಶ್ಚಲ ಚಿತ್ರಗಳಷ್ಟೇ ಇವೆ. ಈ ಪೆಟ್ಟಿಗೆಯಲ್ಲಿ ಸಿಗುವುದು ‘ಹಾಟ್ ಸ್ನೋ’ದ ಮೊದಲ ಅಂಕ, ಮತ್ತು ಪೂರ್ತಿಯಾಗಿ ಎರಡು ಕಂತು. ‘ಹಾಟ್ ಸ್ನೋ’ದ ಆ ಮೊದಲ ಅಂಕದಲ್ಲಿ ಸ್ಟೀಡ್ ಬರುವುದೇ ಇಲ್ಲ, ಅವನ ಪ್ರವೇಶ ನಂತರದ ಅಂಕದಲ್ಲಿದ್ದು ಅದು ಕಳೆದುಹೋಗಿದೆ. ಸರ್ಕಸ್ ಡೇರೆಯ ಹಿನ್ನೆಲೆಯ ‘ಗರ್ಲ್ ಆನ್ ದ ಟ್ರಪೀಜ್’ನಲ್ಲೂ ಸ್ಟೀಡ್ ಇಲ್ಲ, ಕೀಲ್ ತನ್ನ ನರ್ಸ್ ಕ್ಯಾರಲ್ ವಿಲ್ಸನ್ ಜೊತೆ ಸೇರಿ ತಾನೇ ಎಲ್ಲವನ್ನೂ ನಿಭಾಯಿಸುತ್ತಾನೆ. ಕೀಲ್ ಮತ್ತು ಸ್ಟೀಡ್ ಜೊತೆಯಾಗಿ ಕಾಣುವುದು ‘ದ ಫ್ರೈಟನರ್ಸ್’ ಒಂದರಲ್ಲಿ ಮಾತ್ರ. ಶ್ರೀಮಂತನೊಬ್ಬ ಮಗಳ ಹಿಂದೆ ಬಿದ್ದವನನ್ನು ಹೆದರಿಸಲು ಗೂಂಡಾಗಳನ್ನು ಕಳಿಸುವ ಈ ಕತೆ ಬಿಗಿಯಾಗಿದೆ, ಹೆಂಡ್ರಿಯ ಅಭಿನಯದಲ್ಲಿ ಒಂದು ಬಗೆಯ ಒರಟು ಪ್ರಾಮಾಣಿಕತೆ ಇದೆ. ಆದರೆ ಹೆಂಡ್ರಿ ಮತ್ತು ಮ್ಯಾಕ್ನೀ ಜೋಡಿ ಇದ್ದಾಗಲೇ ಧಾರಾವಾಹಿ ಚೆನ್ನಾಗಿತ್ತು ಎನ್ನುವವರ ದೊಡ್ಡ ದನಿಗೆ ಈ ಪೆಟ್ಟಿಗೆ ಒದಗಿಸುವ ಆಧಾರ ಒಂದು ಗಂಟೆಗೂ ಕಡಿಮೆ ಅವಧಿಯ ಒಂದೇ ಕಂತು ಎಂಬುದನ್ನು ಮೇಷ್ಟ್ರು ಕೂಡ ಒಪ್ಪಿಕೊಂಡರು, ಅದೂ ಎರಡನೇ ಲೋಟ ಚಹಾ ಬಂದ ಮೇಲೆ.

1961ರ ನವೆಂಬರಿನಲ್ಲಿ ಇಂಗ್ಲೆಂಡಿನ ನಟರ ಸಂಘ ಮುಷ್ಕರ ಹೂಡಿ, ಖಾಸಗಿ ಟಿವಿ ಕಂಪನಿಗಳ ಬಹುತೇಕ ನಾಟಕಗಳ ತಯಾರಿ ತಿಂಗಳುಗಟ್ಟಲೆ ನಿಂತಿತು. ಆ ಅವಧಿಯಲ್ಲಿ ಹೆಂಡ್ರಿ ಸಿನಿಮಾದತ್ತ ಹೊರಟುಹೋದರು. ಉಳಿದದ್ದು ಮ್ಯಾಕ್ನೀ ಒಬ್ಬರು, ಜೊತೆಗೆ ಡಾಕ್ಟರನಿಗಾಗಿ ಬರೆಸಿಟ್ಟಿದ್ದ ಕೆಲವು ಕತೆಗಳು. ಕಂಪನಿ ನಾಟಕಗಳನ್ನು ಕಂಡವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ: ನಾಯಕ ಪಾತ್ರಧಾರಿ ಕೈಕೊಟ್ಟ ರಾತ್ರಿ ಮಾಲೀಕ ಅದೇ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿ ರಂಗಕ್ಕೆ ನೂಕುತ್ತಾನಲ್ಲ, ಹಾಗೆ ಡಾಕ್ಟರ್ ಮಾರ್ಟಿನ್ ಕಿಂಗ್ ಎಂಬ ಪಾತ್ರದಲ್ಲಿ ಜಾನ್ ರೋಲಸನ್ ಬಂದರು. ಅವರದು ಮೂರೇ ಕಂತು. ಬೇರೆ ಆರು ಕಂತುಗಳಲ್ಲಿ ಜೂಲಿ ಸ್ಟೀವನ್ಸ್ ಅಭಿನಯದ ವೀನಸ್ ಸ್ಮಿತ್ ಎಂಬ ಕ್ಲಬ್ ಗಾಯಕಿ. ಉಳಿದ ಹದಿನೇಳರಲ್ಲಿ ಹಾನರ್ ಬ್ಲ್ಯಾಕ್‌ಮನ್ ಅಭಿನಯದ ಕ್ಯಾಥಿ ಗೇಲ್.

ಇವರು ಮೂವರೂ ಸರದಿಯಲ್ಲಿ ಬರುವುದಿಲ್ಲ ಎಂಬುದು ನೋಡುಗನಿಗೆ ಬಹಳ ತೊಡಕು. ಪ್ರಸಾರದ ಕ್ರಮದಲ್ಲಿ 1962ರ ಸೆಪ್ಟೆಂಬರ್ 29ರಂದು ಮೊದಲು ಬಂದವಳು ಗೇಲ್. ಎರಡು ವಾರ ಕಳೆದು ವೀನಸ್. ಗೇಲ್‌ಗಿಂತ ಮೊದಲೇ ಚಿತ್ರೀಕರಣವಾಗಿದ್ದ ಕಿಂಗ್ ಪರದೆಗೆ ಬರುವುದು ಅಕ್ಟೋಬರ್ ಕೊನೆಯಲ್ಲಿ, ಮತ್ತೆ ಕಾಣೆಯಾಗಿ ಕೊನೆಯ ಬಾರಿ ಮುಖ ತೋರಿಸುವುದು ಡಿಸೆಂಬರ್ ಕೊನೆಗೆ. ನಮ್ಮ ಕಡೆಯ ಬಯಲಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರಿಗೆ ನಿಂತು, ತಾವು ಯಾರು, ತಮ್ಮ ನಾಮಾಂಕಿತವೇನು ಎಂದು ಕೇಳಿ ಸಭೆಗೆ ಪರಿಚಯ ಮಾಡಿಸುತ್ತಾನೆ. ಇಲ್ಲಿ ಅಂಥ ಸಾರಥಿ ಇಲ್ಲ. ಕೀಲ್ ಎಲ್ಲಿ ಹೋದ, ಈ ಇನ್ನೊಬ್ಬ ಡಾಕ್ಟರ್ ಯಾರು, ಹೋದ ವಾರ ಇದ್ದ ಹೆಂಗಸು ಈ ವಾರ ಏಕಿಲ್ಲ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನನ್ನ ಸಲಹೆ ಇಷ್ಟು: ಮೊದಲು ಕಿಂಗ್‌ನ ಮೂರನ್ನು, ಆಮೇಲೆ ಗೇಲ್‌ಳ ಕಂತುಗಳನ್ನು ಹುಡುಕಿ ಹಾಕಿಕೊಳ್ಳಿ, ವೀನಸ್‌ಳನ್ನು ನಡುನಡುವೆ ಉಪ್ಪಿನಕಾಯಿಯಂತೆ ನಂಚಿಕೊಳ್ಳಿ. ವೀನಸ್ ಬಂದಾಗಲೆಲ್ಲ ಹಾಡು ಇರುತ್ತದೆ, ಹಾಡು ಬಂದಾಗ ಕತೆ ನಿಲ್ಲುತ್ತದೆ. ಭಾವನಿಗೆ ಅದೇ ಇಷ್ಟ. ಒಮ್ಮೆ “ಒನ್ಸ್ ಮೋರ್” ಎಂದು ಕೂಗಿ ರಿಮೋಟಿನಿಂದ ಹಿಂದಕ್ಕೂ ತಿರುಗಿಸಿದರು.

ನಾನು ಗೇಲ್ ಪಕ್ಷದವಳು, ಕಾರಣ ಹೇಳುತ್ತೇನೆ. ಡಾಕ್ಟರನಿಗಾಗಿ ಬರೆದಿಟ್ಟಿದ್ದ ಬರಹಗಳಲ್ಲಿ ಕೆಲವನ್ನು ಅಲ್ಪಸ್ವಲ್ಪ ತಿದ್ದಿ ಬ್ಲ್ಯಾಕ್‌ಮನ್ ಕೈಗೆ ಕೊಟ್ಟರು. ಗೇಲ್‌ಳ ಕಂತುಗಳಲ್ಲಿ ಮೊದಲಿಗೆ ಚಿತ್ರೀಕರಣವಾದ ‘ಡೆತ್ ಡಿಸ್ಪ್ಯಾಚ್’ ಅಂಥದ್ದೇ. ಅಂದಿನ ಟಿವಿಯಲ್ಲಿ ನಾಯಕನ ಜೊತೆಗಿನ ಹೆಂಗಸು ಹೆದರಿ ಚೀರಬೇಕು, ಬಾಗಿಲ ಬಳಿ ನಿಂತು ಜೋಪಾನ ಎನ್ನಬೇಕು. ಗಂಡಸಿಗೆ ಬರೆದ ಮಾತುಗಳಲ್ಲಿ ಇವೆರಡಕ್ಕೂ ಎಡೆಯಿರಲಿಲ್ಲವಾದ್ದರಿಂದ ಗೇಲ್ ನೇರವಾಗಿ ಪ್ರಶ್ನೆ ಕೇಳುತ್ತಾಳೆ, ಉತ್ತರ ಸಾಲದಿದ್ದರೆ ಮತ್ತೆ ಕೇಳುತ್ತಾಳೆ, ಜೂಡೋ ಪಟ್ಟು ಹಾಕಿ ಗಂಡಸರನ್ನು ನೆಲಕ್ಕೆ ಬೀಳಿಸುತ್ತಾಳೆ. ನಮ್ಮ ಊರಿನವರಿಗೆ ಇದರಲ್ಲೊಂದು ತಿರುವು ಕಾಣಿಸದೆ ಇರದು. ಗಂಡಸರು ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ರಂಗನಟ ಬಳ್ಳಾರಿ ರಾಘವರು ಪಟ್ಟುಹಿಡಿದರು. ಈ ಧಾರಾವಾಹಿ ತಯಾರಾದ ಟೆಡಿಂಗ್ಟನ್ ಸ್ಟುಡಿಯೋದಲ್ಲಿ ಗಂಡಿನ ಪಾತ್ರವೇ ಹೆಣ್ಣಿನ ಪಾಲಿಗೆ ಬಂತು, ಅದೂ ಯಾರೋ ಸಿದ್ಧಾಂತ ಹೂಡಿದ್ದರಿಂದಲ್ಲ, ಹೊತ್ತಿಗೆ ಸರಿಯಾಗಿ ಬೇರೆ ಬರಹ ಇಲ್ಲದ್ದರಿಂದ.

‘ಮಿಸ್ಟರ್ ಟೆಡಿ ಬೇರ್’ ಕಂತನ್ನು ನಾನು ಮೂರು ಸಲ ನೋಡಿದೆ. ಸುಪಾರಿ ಹಂತಕನೊಬ್ಬನನ್ನು ಹೊರಗೆಳೆಯಲು ಸ್ಟೀಡ್ ಒಂದು ಉಪಾಯ ಹೂಡುತ್ತಾನೆ: ತನ್ನನ್ನೇ ಕೊಲ್ಲಲು ಗೇಲ್ ಆ ಹಂತಕನಿಗೆ ಹಣ ಕೊಡಬೇಕು. ಹಂತಕ ಎದುರಿಗೆ ಬರುವುದಿಲ್ಲ. ಆಟಿಕೆಯ ಕರಡಿಯೊಂದರ ಮೂಲಕ ಮಾತಾಡುತ್ತಾನೆ. ಬೊಂಬೆಯ ಮುಂದೆ ಕುಳಿತು ಕೊಲೆಯ ವ್ಯವಹಾರ ಕುದುರಿಸುವ ಆ ದೃಶ್ಯದಲ್ಲಿ ಬ್ಲ್ಯಾಕ್‌ಮನ್ ಮುಖದಲ್ಲಿ ನಗುವಿನ ಎಳೆಯೂ ಇಲ್ಲ, ಅಂಜಿಕೆಯೂ ಇಲ್ಲ, ಬಟ್ಟೆ ಅಂಗಡಿಯಲ್ಲಿ ದರ ವಿಚಾರಿಸುವ ಗೃಹಿಣಿಯ ಗಾಂಭೀರ್ಯವಿದೆ. ಸ್ಟೀಡ್ ಮಾಡುವ ಕೆಲಸಗಳನ್ನು ಗೇಲ್ ಮೆಚ್ಚುವುದಿಲ್ಲ. ಅವನು ಜನರನ್ನು ಬಳಸಿಕೊಳ್ಳುತ್ತಾನೆ ಎಂದು ಕಂತಿನಿಂದ ಕಂತಿಗೆ ಸಿಟ್ಟಾಗುತ್ತಾಳೆ. ರೋಗಿಗಳ ನೋವು ಬಲ್ಲ ಡಾಕ್ಟರನಿಗೆ ಗೂಢಚಾರನ ಮೇಲಿದ್ದ ಅದೇ ಅಸಮಾಧಾನ ಇದು. ಹೆಂಡ್ರಿ ಹೋದರೂ ಕೀಲ್ ಹೋಗಲಿಲ್ಲ, ಗೇಲ್‌ಳ ಬಾಯಲ್ಲಿ ಉಳಿದುಕೊಂಡ ಎಂದು ನಾನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಎಮ್ಮಾ ಪೀಲ್ ಬಂದ ಮೇಲೆ ಈ ಕಿತ್ತಾಟ ಮಾಯವಾಗಿ ಇಬ್ಬರೂ ಹಳೆಯ ಗೆಳೆಯರಂತಾಗುತ್ತಾರೆ. ನೋಡಲು ಹಿತವೇ, ಆದರೆ ಆ ಕಾವು ಇಲ್ಲ. (ಡಯಾನಾ ರಿಗ್ ಬಾಲ್ಯ ಕಳೆದದ್ದು ಬಿಕಾನೇರಿನಲ್ಲಿ ಎಂದು ಕೇಳಿದ ಭಾವ ಮಾತ್ರ ಆಕೆ ನಮ್ಮ ಕಡೆಯವಳು ಎಂಬಂತೆ ವಾದಿಸತೊಡಗಿದರು.)

ಚಿತ್ರದ ಗುಣಮಟ್ಟದ ಬಗ್ಗೆ ಆಸೆ ಇಟ್ಟುಕೊಳ್ಳಬಾರದು. ವಿಡಿಯೋ ಟೇಪಿನಲ್ಲಿ ನೇರ ಪ್ರಸಾರದ ರೀತಿಯಲ್ಲೇ ಒಂದೇ ಓಟದಲ್ಲಿ ಚಿತ್ರಿಸುತ್ತಿದ್ದರು, ತಪ್ಪಾದರೆ ನಿಲ್ಲಿಸಿ ಮತ್ತೆ ಆರಂಭಿಸುವುದು ಅಪರೂಪ. ಉಳಿದು ಬಂದಿರುವುದು ಫಿಲ್ಮಿಗೆ ಇಳಿಸಿಟ್ಟ ಪ್ರತಿಗಳು. ಮುಖಗಳ ಅಂಚು ಮಸುಕು, ದನಿಯ ಹಿಂದೆ ಸಣ್ಣ ಮೊರೆತ. ಮೈಕಿನ ನೆರಳು ಗೋಡೆಯ ಮೇಲೆ ಹಾದುಹೋಗುತ್ತದೆ, ನಟರು ಮಾತು ಮರೆತು ತಡವರಿಸುತ್ತಾರೆ, ಮ್ಯಾಕ್ನೀ ಎದುರಿನವರನ್ನು ಕಾಪಾಡಲು ತಮ್ಮದೊಂದು ಮಾತು ಸೇರಿಸುವುದು ಗಮನವಿಟ್ಟರೆ ಕಾಣುತ್ತದೆ. ನಾಟಕ ನೋಡಿ ಬೆಳೆದವರಿಗೆ ಇವು ಕೊರತೆಯಲ್ಲ. ಬಣ್ಣದ, ಬೀದಿಗಳಲ್ಲಿ ಚಿತ್ರಿಸಿದ ಮುಂದಿನ ಸೀಸನ್ನುಗಳನ್ನು ಕಂಡು ಬಂದವರಿಗೆ ಕಿರಿಕಿರಿಯಾದೀತು. ಜಾನ್ ಡ್ಯಾಂಕ್‌ವರ್ತ್ ಸಂಯೋಜಿಸಿದ ಆರಂಭದ ಜಾಸ್ ವಾದ್ಯ ಮಾತ್ರ ನಮ್ಮ ಹಳೆಯ ಟಿವಿಯ ಸ್ಪೀಕರಿನಲ್ಲೂ ಖಣಖಣ ಎನ್ನುತ್ತಿತ್ತು.

ಪೆಟ್ಟಿಗೆಯ ದೊಡ್ಡ ಕೊರತೆ ಅದು ಹೊರಬಂದ ಕಾಲದ್ದು. ಕೀಲ್ ಮತ್ತು ಸ್ಟೀಡ್ ಇಬ್ಬರೂ ಇರುವ ‘ಟನಲ್ ಆಫ್ ಫಿಯರ್’ ಎಂಬ ಮೊದಲ ಸೀಸನ್ನಿನ ಕಂತು 2016ರಲ್ಲಿ ಪತ್ತೆಯಾಯಿತು, ಸಹಜವಾಗಿಯೇ ಅದು ಇದರಲ್ಲಿಲ್ಲ. ಪಾತ್ರ ಬದಲಾವಣೆಯ ಬಗ್ಗೆ ಖಚಿತವಾಗಿ ವಾದ ಮಾಡಬೇಕೆಂದಿರುವವರು ಅದನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು. ಎಮ್ಮಾ ಪೀಲ್‌ಗಾಗಿ ಮಾತ್ರ ಬರುವವರು ಈ ಪೆಟ್ಟಿಗೆಯನ್ನು ಕೊಳ್ಳಬೇಡಿ. ಒಂದು ಧಾರಾವಾಹಿ ನಾಯಕನನ್ನು ಕಳೆದುಕೊಂಡು ತಡಕಾಡುವುದನ್ನು ವಾರವಾರವೂ ಎದುರಿಗೆ ಕೂತು ನೋಡುವ ತಾಳ್ಮೆಯುಳ್ಳವರು ಕೊಳ್ಳಿ. ಗೇಲ್‌ಳ ಹದಿನೇಳು ಕಂತುಗಳಲ್ಲಿ ಹತ್ತಾದರೂ ಇಂದಿಗೂ ಕುರ್ಚಿಯ ತುದಿಗೆ ತಂದು ಕೂರಿಸುತ್ತವೆ.

ಬೇಕಾದವರು ನಮ್ಮ ಮನೆಗೆ ಬಂದರೆ ಎರವಲು ಕೊಡಲು ಅಡ್ಡಿಯಿಲ್ಲ, ಆದರೆ ಪೆಟ್ಟಿಗೆಯಲ್ಲಿ ಈಗ ಒಂದು ಡಿಸ್ಕ್ ಇಲ್ಲ. ‘ಫ್ರೈಟನರ್ಸ್’ ಇನ್ನೊಮ್ಮೆ ನೋಡಿ ಕೊಡುತ್ತೇನೆಂದು ದಸರೆಯಲ್ಲಿ ಒಯ್ದ ಮೇಷ್ಟ್ರು, ಕೇಳಿದಾಗಲೆಲ್ಲ ಇನ್ನೂ ಒಂದು ಅಂಶ ಪರಿಶೀಲಿಸಬೇಕಿದೆ ಎನ್ನುತ್ತಿದ್ದಾರೆ.