ಬೆಳಕು ತುಂಬಿದ ಚಾವಡಿಗೆ ಯಾವ ಟಿವಿ?

ಮಧ್ಯಾಹ್ನ ಮೂರೂವರೆಗೆ ಮನೆಯ ಟಿವಿ ಆಫ್ ಮಾಡಿ, ದಿನಾ ಕೂರುವ ಜಾಗದಲ್ಲೇ ಕೂತು ಆ ಕಪ್ಪು ಸ್ಕ್ರೀನನ್ನು ನೋಡಿ. ಕಿಟಕಿಯ ಸರಳು, ಅಂಗಳದ ತೆಂಗಿನ ಮರ, ನೀವು ಉಟ್ಟ ಬಿಳಿ ಮುಂಡು, ಹೀಗೆ ಅಲ್ಲಿ ಏನೇನು ಕಾಣುತ್ತದೋ ಅದೆಲ್ಲ ಟಿವಿ ಹಾಕಿದ ಮೇಲೂ ಚಿತ್ರದ ಮೇಲೆ ಕೂತೇ ಇರುತ್ತದೆ. ಕ್ರಿಕೆಟ್ ಮೈದಾನದಂಥ ಬೆಳಗಿದ ಚಿತ್ರ ಅದನ್ನು ಮುಚ್ಚಿಬಿಡುತ್ತದೆ. ರಾತ್ರಿಯ ದೃಶ್ಯ ಬಂತೋ, ಕಿಟಕಿ ಮತ್ತೆ ಎದ್ದು ಬರುತ್ತದೆ.

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ಹೊಸ ಟೆರೇಸ್ ಮನೆಗಳಲ್ಲಿ ಹಾಲ್‌ಗೆ ಎರಡು ಬದಿಯಿಂದ ದೊಡ್ಡ ಕಿಟಕಿ, ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸ್, ಗೋಡೆಗೂ ಬಿಳಿ ಬಣ್ಣ. ಹಳೆಯ ಹಂಚಿನ ಮನೆಯ ಚಾವಡಿಯಲ್ಲಿ ಕಿಟಕಿ ಸಣ್ಣದಾದರೂ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇದ್ದೇ ಇರುತ್ತದೆ. ಎರಡೂ ಕಡೆ ಹಗಲು ಟಿವಿ ನೋಡುವವರ ದೂರು ಒಂದೇ: ಅಂಗಡಿಯಲ್ಲಿ ಝಗಮಗ ಎಂದ ಟಿವಿ ಮನೆಗೆ ಬಂದ ಮೇಲೆ ಮಂಕಾಯಿತು. ಟಿವಿಯಲ್ಲಿ ದೋಷ ಇರುವುದು ಅಪರೂಪ. ಬೆಳಕಿನ ಲೆಕ್ಕ ಹಾಕದೆ ಕೊಂಡದ್ದೇ ತಪ್ಪು.

ಆ ಲೆಕ್ಕ ಕಷ್ಟದ್ದೇನಲ್ಲ. ಸ್ಕ್ರೀನಿನ ಬೆಳಕನ್ನು ನಿಟ್ಸ್‌ನಲ್ಲಿ ಅಳೆಯುತ್ತಾರೆ. ಸಾಧಾರಣ ಎಲ್‌ಇಡಿ ಟಿವಿ 250ರಿಂದ 300 ನಿಟ್ಸ್ ಕೊಡುತ್ತದೆ. ಆಕಾಶ ಕಾಣುವ ಕಿಟಕಿಯ ಬೆಳಕು 3000 ನಿಟ್ಸ್ ಎಂದು ಇಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ ಎರಡು ಪಾಲನ್ನು ಮಾತ್ರ ಸ್ಕ್ರೀನ್ ನಿಮ್ಮ ಕಣ್ಣಿಗೆ ಹೊಡೆದರೂ 60 ನಿಟ್ಸ್ ಆಯಿತು. ಅಂದರೆ ಆ ಜಾಗದಲ್ಲಿ ಟಿವಿಯ ಕಪ್ಪು 60 ನಿಟ್ಸ್, ಬಿಳಿ 310. ಪೆಟ್ಟಿಗೆಯ ಮೇಲೆ 5000ಕ್ಕೆ 1 ಎಂದು ಬರೆದ ಕಾಂಟ್ರಾಸ್ಟ್ ನಿಮ್ಮ ಚಾವಡಿಯಲ್ಲಿ 5ಕ್ಕೆ 1ಕ್ಕೆ ಇಳಿಯಿತು. ಅದೇ ಜಾಗದಲ್ಲಿ 800 ನಿಟ್ಸ್‌ನ ಟಿವಿ ಇಟ್ಟರೆ 14ಕ್ಕೆ 1. ಕಿಟಕಿಗೆ ಒಂದು ಕರ್ಟನ್ ಹಾಕಿ ಬೆಳಕನ್ನು ಅರ್ಧ ಮಾಡಿದರೆ ಹಳೆಯ 250 ನಿಟ್ಸ್‌ನ ಟಿವಿಯೇ 9ಕ್ಕೆ ಏರುತ್ತದೆ, 800ರದ್ದು 27 ದಾಟುತ್ತದೆ. ಹಾಗಾಗಿ ಹಣ ಹೋಗಬೇಕಾದ ಕ್ರಮ ಇದು: ಮೊದಲು ಟಿವಿಯ ಜಾಗ ಮತ್ತು ಕರ್ಟನ್, ಆಮೇಲೆ ಪ್ರತಿಫಲನ ತಡೆಯುವ ಸ್ಕ್ರೀನ್ ಮತ್ತು ನಿಟ್ಸ್, ಕೊನೆಗೆ ಇಂಚು. ಹೆಚ್ಚಿನವರು ಇಂಚಿನಿಂದಲೇ ಶುರು ಮಾಡುತ್ತಾರೆ.

ಜಾಗ ನೋಡಲು ಒಂದು ಕನ್ನಡಿ ಸಾಕು. ಟಿವಿ ಬರುವ ಗೋಡೆಯಲ್ಲಿ, ಟಿವಿಯ ಎತ್ತರದಲ್ಲೇ ಒಬ್ಬರು ಕನ್ನಡಿ ಹಿಡಿಯಲಿ, ಇನ್ನೊಬ್ಬರು ಸೋಫಾದಲ್ಲಿ ಕೂರಲಿ. ಕನ್ನಡಿಯನ್ನು ಎಡ, ಬಲ, ಮೇಲೆ, ಕೆಳಗೆ ಸರಿಸಿ. ಎಲ್ಲಿ ಕಿಟಕಿ ಕಾಣುತ್ತದೋ ಅಲ್ಲಿ ನಾಳೆ ಟಿವಿಯಲ್ಲೂ ಕಿಟಕಿ ಕಾಣುತ್ತದೆ. ಟಿವಿಗೆ ನೇರ ಎದುರು ಕಿಟಕಿ ಇದ್ದರೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಟಿವಿಯ ಹಿಂದೆ ಕಿಟಕಿ ಇದ್ದರೆ ಪ್ರತಿಫಲನ ಇಲ್ಲದಿದ್ದರೂ ಕಣ್ಣು ಕುಕ್ಕುತ್ತದೆ, ಚಿತ್ರ ಕಪ್ಪಾಗಿ ಕಾಣುತ್ತದೆ. ಕಿಟಕಿ ಪಕ್ಕದ ಗೋಡೆಯಲ್ಲಿರುವುದೇ ಒಳ್ಳೆಯದು. ಕಡಲಿರುವುದು ಪಡುವಣಕ್ಕೆ, ಸಂಜೆಯ ಬಿಸಿಲು ಅಡ್ಡವಾಗಿ ತುಂಬ ಒಳಗಿನವರೆಗೆ ಬರುತ್ತದೆ. ಪಶ್ಚಿಮದ ಕಿಟಕಿ ಇರುವ ಮನೆಯವರು ಈ ಪರೀಕ್ಷೆಯನ್ನು ಬೆಳಿಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ಮಾಡಬೇಕು. ನೇರ ಬಿಸಿಲು ಸ್ಕ್ರೀನಿಗೆ ಬೀಳುವ ಜಾಗವನ್ನಂತೂ ಬಿಟ್ಟೇಬಿಡಿ. ಆ ಕಾವಿಗೆ ಪ್ಯಾನೆಲ್‌ನ ಪದರಗಳೇ ಹಾಳಾಗಬಹುದು.

ಗಾಜಿನ ಹಂಚಿನ ಬೆಳಕು ಮೇಲಿನಿಂದ ಬರುತ್ತದೆ. ಅದನ್ನು ತಪ್ಪಿಸಲು ಟಿವಿಯನ್ನು ಐದು ಡಿಗ್ರಿ ಮುಂದಕ್ಕೆ ಬಾಗಿಸಿದರೆ ಪ್ರತಿಫಲನ ಹತ್ತು ಡಿಗ್ರಿ ಸರಿಯುತ್ತದೆ. ಬಾಗುವ ವಾಲ್ ಮೌಂಟ್ ಇದ್ದರೆ ಕೈಯಲ್ಲೇ ಮಾಡಬಹುದು. ಆದರೆ ಬಾಗಿದ ಸ್ಕ್ರೀನ್ ನೆಲವನ್ನು ನೋಡತೊಡಗುತ್ತದೆ. ನೆಲ ಬಿಳಿ ಟೈಲ್ಸ್ ಆಗಿ ಅದರ ಮೇಲೆ ಬಾಗಿಲಿನ ಬಿಸಿಲು ಬಿದ್ದಿದ್ದರೆ ಮೇಲಿನ ಬೆಳಕು ಹೋಗಿ ಕೆಳಗಿನದು ಬಂದು ಕೂರುತ್ತದೆ. ಅಲ್ಲಿ ಒಂದು ಗಾಢ ಬಣ್ಣದ ಚಾಪೆ ಹಾಸಿ, ಸಾಕು.

ಇನ್ನು ಟಿವಿಯ ವಿಷಯ. ಪೆಟ್ಟಿಗೆಯ ಮೇಲೆ ಕ್ಯೂಎಲ್‌ಇಡಿ ಎಂದು ಬರೆದ ಮಾತ್ರಕ್ಕೆ ಬೆಳಕು ಹೆಚ್ಚೆಂದು ತಿಳಿಯಬೇಡಿ. ಅದು ಬಣ್ಣಕ್ಕೆ ಸಂಬಂಧಪಟ್ಟ ಪದರದ ಹೆಸರು. 300 ನಿಟ್ಸ್‌ನ ಕ್ಯೂಎಲ್‌ಇಡಿಗಳು ಮಾರುಕಟ್ಟೆ ತುಂಬ ಇವೆ. ಕೇಳಬೇಕಾದದ್ದು ಎರಡು ಪ್ರಶ್ನೆ. ಹಿಂಬೆಳಕು ಅಂಚಿನಿಂದ ಬರುತ್ತದೋ, ಇಡೀ ಬೆನ್ನಿನಿಂದಲೋ? ಬೆನ್ನಿನಿಂದ ಆದರೆ ಅದು ಭಾಗ ಭಾಗವಾಗಿ ಮಂಕಾಗುವ ಲೋಕಲ್ ಡಿಮ್ಮಿಂಗ್ ಇದೆಯೋ? ಬೆಳಕಿನ ಕೋಣೆಗೆ ಮಿನಿ ಎಲ್‌ಇಡಿಯೇ ಸರಿಯಾದ ಜಾತಿ. ಬೆನ್ನ ಹಿಂದೆ ಸಾವಿರಾರು ಸಣ್ಣ ದೀಪಗಳು, ಅವುಗಳನ್ನು ನೂರಾರು ಗುಂಪು ಮಾಡಿ ಬೇಕಾದಲ್ಲಿ ಹೆಚ್ಚಿಸಿ, ಬೇಡದಲ್ಲಿ ಕಡಿಮೆ ಮಾಡುತ್ತಾರೆ.

ಕಂಪನಿ ಹೇಳುವ ನಿಟ್ಸ್ ಬಗ್ಗೆಯೂ ಎಚ್ಚರ ಬೇಕು. 1500, 2000 ಎಂಬ ದೊಡ್ಡ ಅಂಕೆ ಸ್ಕ್ರೀನಿನ ಹತ್ತನೇ ಒಂದು ಭಾಗ ಮಾತ್ರ ಬೆಳಗಿದಾಗ, ಅದೂ ಬೆಳಕು-ಕತ್ತಲೆಯ ಅಂತರ ಹೆಚ್ಚಿರುವಂತೆ ತಯಾರಿಸಿದ ಎಚ್‌ಡಿಆರ್ ಚಿತ್ರದಲ್ಲಿ ಸಿಗುವುದು. ಹಗಲು ನೋಡುವುದು ವಾರ್ತೆ, ಕ್ರಿಕೆಟ್, ಧಾರಾವಾಹಿ. ಅಲ್ಲಿ ಇಡೀ ಸ್ಕ್ರೀನ್ ಒಟ್ಟಿಗೆ ಬೆಳಗುತ್ತದೆ. ಪೂರ್ಣ ಸ್ಕ್ರೀನಿಗೆ 500 ನಿಟ್ಸ್ ನಿಂತರೆ ಹಗಲಿಗೆ ಒಳ್ಳೆಯ ಟಿವಿ. ಹಿಂಬೆಳಕಿಲ್ಲದೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಒಎಲ್‌ಇಡಿ ಸೋಲುವುದು ಇಲ್ಲಿಯೇ. ಅದರ ಕಪ್ಪಿಗೆ ಸಾಟಿ ಇಲ್ಲ, ಆದರೆ ಪೂರ್ತಿ ಬಿಳಿ ಚಿತ್ರ ಬಂದಾಗ ವಿದ್ಯುತ್ತಿನ ಮಿತಿಗಾಗಿ ತಾನೇ ಬೆಳಕು ಇಳಿಸುತ್ತದೆ. ಮೇಲಾಗಿ ಬೆಳಗಿನಿಂದ ರಾತ್ರಿವರೆಗೆ ವಾರ್ತೆ ಚಾನೆಲ್ ಓಡುವ ಮನೆಯಲ್ಲಿ, ಬೆಳಕನ್ನು ತುದಿಗೆ ಏರಿಸಿಟ್ಟರೆ, ಚಾನೆಲ್‌ನ ಲೋಗೋ ಮತ್ತು ಕೆಳಗಿನ ಕೆಂಪು ಪಟ್ಟಿ ವರ್ಷಗಳಲ್ಲಿ ಅಚ್ಚಾಗಿ ಉಳಿಯುವ ಅಪಾಯವಿದೆ. ಅಂಥ ಮನೆಗೆ ಒಎಲ್‌ಇಡಿ ಬೇಡ.

ಸ್ಯಾಮ್‌ಸಂಗ್‌ನ ನಿಯೋ ಕ್ಯೂಎಲ್‌ಇಡಿಯ ಕ್ಯೂಎನ್90 ಸಾಲು ಈ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ. ಬೆಳಕೂ ಇದೆ, ಪ್ರತಿಫಲನವನ್ನು ತಡೆಯುವುದರಲ್ಲೂ ಹಳೆಯ ಹೆಸರು. ಎಚ್‌ಡಿಆರ್‌ನ ಒಂದು ಬಗೆಯಾದ ಡಾಲ್ಬಿ ವಿಷನ್ ಇಲ್ಲ ಎಂಬುದು ಅದರ ಕೊರತೆ. ಹಗಲಿನ ಚಾವಡಿಯಲ್ಲಿ ಅದು ದೊಡ್ಡ ನಷ್ಟವೂ ಅಲ್ಲ. 2024ರಲ್ಲಿ ಬಂದ ಸೋನಿ ಬ್ರಾವಿಯಾ 7 ಕೂಡ ಮಿನಿ ಎಲ್‌ಇಡಿ. ಡಿಶ್‌ನಲ್ಲಿ ಬರುವ ಕಡಿಮೆ ಸ್ಪಷ್ಟತೆಯ ಎಸ್‌ಡಿ ಕನ್ನಡ ಚಾನೆಲ್‌ಗಳನ್ನು ದೊಡ್ಡ ಸ್ಕ್ರೀನಿನಲ್ಲಿ ಮುಖ ಕಲಸಿ ಹೋಗದಂತೆ ತೋರಿಸುವುದರಲ್ಲಿ ಸೋನಿಯ ಪ್ರೊಸೆಸರ್‌ಗೆ ಸಮ ಯಾರೂ ಇಲ್ಲ. ಆದರೆ ಅದರ ಮೇಲಿನ ಬ್ರಾವಿಯಾ 9ಕ್ಕೆ ಕೊಟ್ಟ ಪ್ರತಿಫಲನ ತಡೆಯುವ ಪದರ 7ಕ್ಕೆ ಇಲ್ಲ. ಎದುರೇ ಕಿಟಕಿ ಇದ್ದವರು ಕರ್ಟನ್ ಇಲ್ಲದೆ ತರಬೇಡಿ. ಟಿಸಿಎಲ್ ಮತ್ತು ಹೈಸೆನ್ಸ್‌ನ ಮಿನಿ ಎಲ್‌ಇಡಿಗಳು ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಳಕು ಕೊಡುತ್ತವೆ. ಟಿಸಿಎಲ್‌ನ ಸಿ ಸರಣಿಯಲ್ಲಿ ಎಲ್ಲವೂ ಮಿನಿ ಎಲ್‌ಇಡಿ ಅಲ್ಲ, ಎಲ್‌ಜಿಯ ಕ್ಯೂಎನ್‌ಇಡಿಯಲ್ಲೂ ಹಾಗೆಯೇ; ಮಾಡೆಲ್ ಸಂಖ್ಯೆ ಪೂರ್ತಿ ಬರೆದುಕೊಂಡು ನೋಡಿ.

ಮ್ಯಾಟ್ ಸ್ಕ್ರೀನಿನ ಟಿವಿಗಳ ಬಗ್ಗೆ ಈಗ ಹೆಚ್ಚು ಜನ ಕೇಳುತ್ತಾರೆ. ಸ್ಯಾಮ್‌ಸಂಗ್‌ನ ದ ಫ್ರೇಮ್ ಮತ್ತು 2024ರ ಒಎಲ್‌ಇಡಿ ಎಸ್95ಡಿ ಈ ಬಗೆಯವು. ಕಿಟಕಿಯ ಆಕಾರವನ್ನು ಅಳಿಸಿಹಾಕುತ್ತವೆ, ಅದು ನಿಜಕ್ಕೂ ನೆಮ್ಮದಿ. ಆದರೆ ಬೆಳಕು ಎಲ್ಲಿಗೂ ಹೋಗುವುದಿಲ್ಲ, ಸ್ಕ್ರೀನ್ ತುಂಬ ತೆಳುವಾಗಿ ಹರಡುತ್ತದೆ. ಕಪ್ಪು ಬೂದಿಯಾಗುತ್ತದೆ. ಫ್ರೇಮ್‌ನ ಹಿಂಬೆಳಕು ಅಂಚಿನಿಂದ ಬರುವುದರಿಂದ ರಾತ್ರಿ ಸಿನಿಮಾಕ್ಕೆ ಸಾಧಾರಣ. ಹಗಲು ವಾರ್ತೆ ನೋಡುವ ಹಿರಿಯರಿಗೆ ಇದು ಹಿತ.

ಬಜೆಟ್ ಇಷ್ಟಕ್ಕೆಲ್ಲ ಏರದಿದ್ದರೆ 43 ಇಂಚಿನ ಸಾಧಾರಣ 4ಕೆ ಎಲ್‌ಇಡಿ ತಂದು, ಉಳಿದ ಹಣದಲ್ಲಿ ದಪ್ಪ ಕರ್ಟನ್ ಹೊಲಿಸಿ. ಅಷ್ಟೇ ದುಡ್ಡಿಗೆ ಹೆಸರಿಲ್ಲದ 55 ಇಂಚು ತರುವುದಕ್ಕಿಂತ ಇದು ಎಷ್ಟೋ ಮೇಲು. ಅಳತೆ ಹೇಳುವುದಾದರೆ, ಸ್ಕ್ರೀನಿನ ಕರ್ಣದ, ಅಂದರೆ ಮೂಲೆಯಿಂದ ಎದುರು ಮೂಲೆಯ ಅಳತೆಯ, ಒಂದೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು ದೂರ ಕೂರಬೇಕು: 43ಕ್ಕೆ 1.75 ಮೀಟರ್, 55ಕ್ಕೆ 2.25, 65ಕ್ಕೆ 2.65. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ. ಹಳೆಯ ಎಂಆರ್‌ಪಿ ಚೀಟಿ ತೋರಿಸಿ ರಿಯಾಯಿತಿ ಎಂದರೆ ಈ ಇಳಿಕೆಯನ್ನು ಕಳೆದು ಲೆಕ್ಕ ಹಾಕಿ.

ಅಂಗಡಿಯಲ್ಲಿ ನೋಡುವ ರೀತಿಯೇ ಬೇರೆ ಇರಬೇಕು. ಅಲ್ಲಿ ಎಲ್ಲ ಟಿವಿಗಳೂ ಸ್ಟೋರ್ ಮೋಡ್‌ನಲ್ಲಿ, ಕಣ್ಣಿಗೆ ಹೊಡೆಯುವ ನೀಲಿ ಬಿಳುಪಿನಲ್ಲಿ, ಕಂಪನಿಯ ಹೂವು-ಚಿಟ್ಟೆಗಳ ವೀಡಿಯೊ ಓಡಿಸುತ್ತ ನಿಂತಿರುತ್ತವೆ. ಟಿವಿ ಆಫ್ ಮಾಡಿಸಿ, ಮೊಬೈಲ್‌ನ ಟಾರ್ಚ್ ಹಾಕಿ ಸ್ಕ್ರೀನಿನ ಮೇಲೆ ಬಿಡಿ. ಚುಕ್ಕಿ ಚೂಪಾಗಿ, ಬಿಳಿಯಾಗಿ ಕಂಡರೆ ಅದು ಕನ್ನಡಿ ಸ್ಕ್ರೀನ್. ನೇರಳೆಯಾಗಿಯೋ ಹಸಿರಾಗಿಯೋ ಮಂಕಾಗಿ ಕಂಡರೆ ಲೇಪ ಕೆಲಸ ಮಾಡುತ್ತಿದೆ. ಹಾಲು ಚೆಲ್ಲಿದಂತೆ ಹರಡಿದರೆ ಮ್ಯಾಟ್. ಆಮೇಲೆ ಹೋಮ್ ಮೋಡ್‌ಗೆ ತಂದು, ಚಿತ್ರವನ್ನು ಸ್ಟ್ಯಾಂಡರ್ಡ್‌ಗೆ ಇಟ್ಟು, ಯೂಟ್ಯೂಬ್‌ನಲ್ಲಿ ಯಾವುದಾದರೂ ರಾತ್ರಿಯ ಯಕ್ಷಗಾನ ಬಯಲಾಟ ಹಾಕಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕಪ್ಪು ಹಿನ್ನೆಲೆ, ಅದರ ಮುಂದೆ ಕಿರೀಟದ ಚಿನ್ನದ ಬಣ್ಣ, ಬಣ್ಣದ ವೇಷದ ಕೆಂಪು. ಕಿರೀಟದ ಸುತ್ತ ಬೂದಿ ಪ್ರಭೆ ಎದ್ದರೆ ಡಿಮ್ಮಿಂಗ್ ಗುಂಪುಗಳು ಕಡಿಮೆ ಎಂದರ್ಥ. ಮುಖದ ಬಣ್ಣಗಾರಿಕೆಯ ಗೆರೆಗಳು ಕೆಂಪಿನಲ್ಲಿ ಮುಳುಗಿದರೆ ಬಣ್ಣ ಅತಿಯಾಗಿದೆ. ಹಾಗೆಯೇ ಬದಿಗೆ ಎರಡು ಹೆಜ್ಜೆ ಸರಿದು ನೋಡಿ. ವಿಎ ಎಂಬ ಬಗೆಯ ಎಲ್‌ಸಿಡಿ ಪ್ಯಾನೆಲ್‌ಗಳು ಬದಿಯಿಂದ ಬಿಳಿಚುತ್ತವೆ. ಚಾವಡಿಯಲ್ಲಿ ಹತ್ತು ಜನ ಮೂಲೆ ಮೂಲೆಯಲ್ಲಿ ಕೂರುವ ಮನೆಗೆ ಇದು ಮುಖ್ಯ.

ಮಂಗಳೂರಿನಲ್ಲಿ ಕೊಂಡು ಕೇರಳ ಗಡಿಯ ತಲಪಾಡಿ ದಾಟಿಸಿ ತರುವವರು ಬಹಳ. ಕಂಪನಿಯ ವಾರಂಟಿ ದೇಶಕ್ಕೆಲ್ಲ ಒಂದೇ. ಆದರೆ ಅಳವಡಿಸಲು, ರಿಪೇರಿಗೆ ಬರುವುದು ನಿಮ್ಮ ಪಿನ್‌ಕೋಡ್‌ನ ಸರ್ವಿಸ್ ಸೆಂಟರ್‌ನವರು. ಹಣ ಕೊಡುವ ಮೊದಲೇ ಕಂಪನಿಯ ಟೋಲ್‌ಫ್ರೀ ಸಂಖ್ಯೆಗೆ ಪಿನ್‌ಕೋಡ್ ಹೇಳಿ ಕೇಳಿ.

ಮನೆಗೆ ಬಂದ ಮೇಲೆ ಮೊದಲು ಆಫ್ ಮಾಡಬೇಕಾದ್ದು ಪವರ್ ಸೇವಿಂಗ್. ಎಷ್ಟೋ ಟಿವಿಗಳು ಮಂಕಾಗಿ ಕಾಣುವುದು ಅದೊಂದರಿಂದಲೇ. ವಿವಿಡ್ ಮೋಡ್ ಬೇಡ, ಮುಖಗಳು ನೀಲಿಯಾಗುತ್ತವೆ. ಸ್ಟ್ಯಾಂಡರ್ಡ್ ಅಥವಾ ಸಿನಿಮಾ ಇಟ್ಟು ಬ್ಯಾಕ್‌ಲೈಟ್ ಮಾತ್ರ ತುದಿಗೆ ಏರಿಸಿ, ಲೋಕಲ್ ಡಿಮ್ಮಿಂಗ್ ಹೈ, ಚಿತ್ರದ ನಡುಬಣ್ಣಗಳು ಎಷ್ಟು ಬೆಳಗಬೇಕೆಂದು ಹೇಳುವ ಗಾಮಾ 2.2ರಿಂದ 2.0ಕ್ಕೆ. ಬ್ಯಾಕ್‌ಲೈಟ್ ಎಂದು ಭಾವಿಸಿ ಬ್ರೈಟ್‌ನೆಸ್ ಏರಿಸಿದರೆ ಕೆಲವು ಟಿವಿಗಳಲ್ಲಿ ಕಪ್ಪೇ ಬೂದಿಯಾಗುತ್ತದೆ. ರಾತ್ರಿಗೆ ಬೇರೆ ಮೋಡ್ ಹೊಂದಿಸಿಡಿ, ಇಲ್ಲವಾದರೆ ಕಣ್ಣು ಉರಿಯುತ್ತದೆ. ಬೆಳಕಿಗೆ ಕರೆಂಟ್ ಖರ್ಚೂ ಇದೆ: 150 ವಾಟ್‌ನಂತೆ ದಿನಕ್ಕೆ ಐದು ಗಂಟೆ ಓಡಿದರೆ ಕೇರಳ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿನಲ್ಲಿ 45 ಯೂನಿಟ್. ತಿಂಗಳಿಗೆ 250 ಯೂನಿಟ್‌ನ ಗೆರೆಯ ಹತ್ತಿರ ಇರುವ ಮನೆಯವರು ಇದನ್ನು ಗಮನಿಸಿ, ಅದು ದಾಟಿದರೆ ಎಲ್ಲ ಯೂನಿಟ್‌ಗೂ ಏರಿದ ದರವೇ.

ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ತೂಗುಹಾಕುವಾಗ ಕೆಲಸದವರು ಅವಸರ ಮಾಡಿದರೆ ತಡೆಯಿರಿ. ಹ್ಯಾಮರ್ ಹಾಕಿ ಕೊರೆದರೆ ಕಲ್ಲು ಒಳಗೇ ಉದುರಿ ತೂತು ದೊಡ್ಡದಾಗುತ್ತದೆ, ಟಿವಿಯ ಜೊತೆ ಬರುವ ಗಿಡ್ಡ ಪ್ಲಗ್ ಸಡಿಲಾಗುತ್ತದೆ. ಬರೇ ತಿರುಗಿಸಿ ಕೊರೆದು, ಧೂಳು ಊದಿ ತೆಗೆದು, 10 ಮಿಲಿಮೀಟರ್ ದಪ್ಪದ, 80ರಿಂದ 100 ಮಿಲಿಮೀಟರ್ ಉದ್ದದ ಪ್ಲಗ್ ಹಾಕಿಸಿ. ಕಲ್ಲಿನ ಸಂದಿಗೆ ತೂತು ಹೋಯಿತೆಂದರೆ ಜಾಗ ಬದಲಿಸಿ. ಮಳೆಯ ಎರಚಲು ಹೊಡೆಯುವ ಹೊರಗೋಡೆಯ ಒಳಮುಖ ಆಟಿಯಲ್ಲಿ ಬೆವರುತ್ತದೆ, ಅಲ್ಲಿ ಟಿವಿ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಗೂ ಟಿವಿಗೂ ನಡುವೆ ಐದು ಸೆಂಟಿಮೀಟರಾದರೂ ಬಿಡಿಸಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಓಡಿಸಿ ತೇವ ಒಣಗಿಸಿ.

ಸಿಡಿಲಿನ ಹಾನಿ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ವಿಷು ಆಚೀಚೆಯ ಬೇಸಿಗೆ ಮಳೆಯಲ್ಲೂ ತುಲಾ ತಿಂಗಳ ಮಧ್ಯಾಹ್ನದ ಮಳೆಯಲ್ಲೂ ಟಿವಿಗಳು ಸುಡುವುದು ಕರೆಂಟ್ ಲೈನಿನಿಂದ ಮಾತ್ರ ಅಲ್ಲ, ಛಾವಣಿಯ ಡಿಶ್‌ನಿಂದ ಇಳಿಯುವ ಕೇಬಲ್ ಮತ್ತು ಮೋಡೆಮ್‌ನ ಲ್ಯಾನ್ ವಯರ್ ಮೂಲಕವೂ. ಸೆಟ್‌ಟಾಪ್ ಬಾಕ್ಸ್‌ಗೆ ಹೊಡೆದದ್ದು ಎಚ್‌ಡಿಎಂಐಯಲ್ಲಿ ಟಿವಿಯ ಬೋರ್ಡ್‌ಗೆ ಹೋಗುತ್ತದೆ. ಈಗಿನ ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್‌ವರೆಗೆ ತಾಳುವುದರಿಂದ ಸ್ಟೆಬಿಲೈಸರ್‌ಗಿಂತ ಒಳ್ಳೆಯ ಅರ್ಥ್ ಮುಖ್ಯ. ಮುರಕಲ್ಲಿನ ಗುಡ್ಡದ ಮನೆಗಳಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಹೋಗುತ್ತದೆ, ಆಗಾಗ ಎರಡು ಕೊಡಪಾನ ನೀರು ಹೊಯ್ಯಬೇಕು. ಅರ್ಥ್ ಇಲ್ಲದ ಸ್ಪೈಕ್ ಗಾರ್ಡ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಗೋಡೆಗೆ ಹಾಕಿಸುವ ದಿನವೇ ಪ್ಲಗ್, ಡಿಶ್ ಕೇಬಲ್, ಲ್ಯಾನ್ ವಯರ್ ಈ ಮೂರೂ ಟಿವಿಯ ಬೆನ್ನಿಗೆ ಅಡಗದೆ ಪಕ್ಕದಲ್ಲಿ, ಗುಡುಗು ಕೇಳಿದ ಕೂಡಲೇ ಮನೆಯ ಅಜ್ಜಿಯೂ ಎಳೆದು ತೆಗೆಯುವ ಎತ್ತರದಲ್ಲಿ ಬರುವಂತೆ ಮಾಡಿಸಿಕೊಳ್ಳಿ.