ಬ್ಯಾಟ್‌ಮ್ಯಾನ್ ಯಾವಾಗ ಬರ್ತಾನೆ?

ಬ್ಯಾಟ್‌ಮ್ಯಾನ್ ಬರುವುದಕ್ಕೆ ಮುಂಚಿನ ಅವನ ಊರಿನ ಕಥೆ ಹೇಳುವ ಸೀರೀಸ್ 'ಗಾಥಮ್' ನೋಡಲು ಶುರು ಮಾಡಿದಾಗ ಪಕ್ಕದಲ್ಲಿ ತಮ್ಮ ಕೂತಿದ್ದ. ಮೊದಲ ಎಪಿಸೋಡ್ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರ ನಡುವೆ ಅವನ ತಾಳ್ಮೆ ಮುಗಿಯಿತು. "ಅಣ್ಣಾ, ಬ್ಯಾಟ್‌ಮ್ಯಾನ್ ಯಾವಾಗ ಬರ್ತಾನೆ?" ಅಂದ. "ನೂರನೇ ಎಪಿಸೋಡಲ್ಲಿ" ಅಂದೆ. ತಮಾಷೆ ಮಾಡ್ತಿದ್ದೀನಿ ಅಂದುಕೊಂಡ. ನಾನು ಮೊದಲೇ ಓದಿಕೊಂಡಿದ್ದೆ, ನಿಜವಾಗಿಯೂ ನೂರನೇ ಎಪಿಸೋಡಿಗೇ ಬರುವುದು, ಅದೂ ಕತ್ತಲಲ್ಲಿ ಒಂದು ನೆರಳಿನ ಹಾಗೆ. ವಿಷಯ ಗೊತ್ತಾದ ಮೇಲೆ ತಮ್ಮ ಎದ್ದು ಹೋದ. ನಾನು ಮಾತ್ರ ನೂರೂ ನೋಡಿದೆ. ಆಮೇಲೆ ಚಟ ಹತ್ತಿ 'ಕ್ರಿಪ್ಟಾನ್', 'ಪೆನ್ನಿವರ್ತ್', 'ಏಜೆಂಟ್ ಕಾರ್ಟರ್' ಕೂಡ ನೋಡಿ ಮುಗಿಸಿದೆ. ಹೀರೋನೇ ಇಲ್ಲದ ಸೂಪರ್‌ಹೀರೋ ಸೀರೀಸ್ ನೋಡಬಹುದಾ ಅಂತ ಕೇಳುವವರಿಗೆ ಇದು. ಕಥೆ ಬಿಟ್ಟುಕೊಡುತ್ತೇನೆ, ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಬೈಯಬೇಡಿ.

ನೋಡಬಹುದು. ಹೀರೋ ಇಲ್ಲ ಅನ್ನುವುದು ಈ ಸೀರೀಸ್‌ಗಳ ತೊಂದರೆಯೇ ಅಲ್ಲ. ಹೀರೋನನ್ನು ಅರ್ಧ ತಂದು ಕೂರಿಸುತ್ತಾರಲ್ಲ, ಅಲ್ಲೇ ಕೆಡುವುದು.

'ಗಾಥಮ್' 2014ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫಾಕ್ಸ್ ಚಾನೆಲ್‌ನಲ್ಲಿ ಶುರುವಾಗಿ 2019ರ ಏಪ್ರಿಲ್‌ನಲ್ಲಿ ಮುಗಿಯಿತು. 5 ಸೀಸನ್. ಮೊದಲ ಎಪಿಸೋಡಿನಲ್ಲೇ, ಮುಂದೆ ಬ್ಯಾಟ್‌ಮ್ಯಾನ್ ಆಗಲಿರುವ ಬ್ರೂಸ್ ವೇಯ್ನ್ ಅನ್ನುವ ಹುಡುಗನ ಅಪ್ಪ ಅಮ್ಮನನ್ನು ಒಂದು ಗಲ್ಲಿಯಲ್ಲಿ ಗುಂಡಿಟ್ಟು ಕೊಲ್ಲುತ್ತಾರೆ. ಕೇಸು ಹೊಸದಾಗಿ ಬಂದ ಡಿಟೆಕ್ಟಿವ್ ಜಿಮ್ ಗಾರ್ಡನ್ ಕೈಗೆ ಬರುತ್ತದೆ. ಕೊಲೆಗಾರನನ್ನು ಹಿಡಿಯುತ್ತೇನೆ ಅಂತ ಅವನು ಹುಡುಗನಿಗೆ ಮಾತು ಕೊಡುತ್ತಾನೆ. ಜೊತೆಗಾರ ಹಾರ್ವೆ ಬುಲಕ್ ಲಂಚ ತಿನ್ನುವ ಮನುಷ್ಯ, ಆದರೂ ಅವನನ್ನು ಇಷ್ಟಪಡದೆ ಇರುವುದಕ್ಕೆ ಆಗುವುದಿಲ್ಲ. ಇಷ್ಟು ನೋಡಿದರೆ ಒಳ್ಳೆ ಪೊಲೀಸ್ ಕಥೆ. ಬ್ಯಾಟ್‌ಮ್ಯಾನ್ ಬೇಕೇ ಬೇಕು ಅಂತ ಅನಿಸುವುದಿಲ್ಲ.

ಅದರಲ್ಲೂ ಪೆಂಗ್ವಿನ್, ಮುಂದೆ ಬ್ಯಾಟ್‌ಮ್ಯಾನ್‌ಗೆ ಎದುರಾಗುವ ವಿಲನ್. ಈ ಸೀರೀಸನ್ನು ಹೊತ್ತುಕೊಂಡು ಹೋಗಿರುವುದು ಅವನೇ. ರಾಬಿನ್ ಲಾರ್ಡ್ ಟೇಲರ್ ಮಾಡಿದ ಪಾತ್ರ. ಹೆಸರು ಆಸ್ವಾಲ್ಡ್ ಕಾಬಲ್‌ಪಾಟ್, ಫಿಶ್ ಮೂನಿ ಅನ್ನುವ ಗ್ಯಾಂಗಿನ ಒಡತಿಗೆ ಕೊಡೆ ಹಿಡಿಯುವ ಹುಡುಗ. ಅವನು ಪೊಲೀಸರಿಗೆ ಸುದ್ದಿ ಕೊಡುತ್ತಿದ್ದಾನೆ ಅಂತ ಗೊತ್ತಾದಾಗ ಅವನನ್ನು ಕೊಲ್ಲುವ ಕೆಲಸ ಗಾರ್ಡನ್ ತಲೆಗೇ ಬರುತ್ತದೆ, ನೀನು ನಮ್ಮವನು ಅಂತ ತೋರಿಸು ಅಂತ. ದಕ್ಕೆಯ ತುದಿಗೆ ಕರೆದುಕೊಂಡು ಹೋಗಿ, ಗುಂಡು ಹಾರಿಸಿದ ಹಾಗೆ ಮಾಡಿ, ಊರಿಗೆ ಮತ್ತೆ ಕಾಲಿಡಬೇಡ ಅಂತ ಹೇಳಿ ನೀರಿಗೆ ತಳ್ಳುತ್ತಾನೆ. ಅವನು ಬಿಡುತ್ತಾನಾ? ವಾಪಸ್ ಬಂದು ಎದುರಾಳಿ ಗ್ಯಾಂಗಿನವನ ಹೋಟೆಲಲ್ಲಿ ಪಾತ್ರೆ ತೊಳೆಯುವ ಕೆಲಸದಿಂದ ಶುರು ಮಾಡುತ್ತಾನೆ. ಒಂದೇ ಸೀಸನ್ನಿನಲ್ಲಿ ಒಬ್ಬರ ಕಿವಿಯಲ್ಲಿ ಇನ್ನೊಬ್ಬರ ಮಾತು ಊದಿ ಊದಿ, ಕೊನೆಗೆ ಫಿಶ್ ಮೂನಿಯನ್ನು ತಾನೇ ನೀರಿಗೆ ತಳ್ಳಿ, ಊರಿಗೆ ನಾನೇ ರಾಜ ಅಂತ ಕೂಗುತ್ತಾನೆ.

ಇವನು ಮುಂದೆ ಪೆಂಗ್ವಿನ್ ಆಗುತ್ತಾನೆ ಅಂತ ನಮಗೆ ಗೊತ್ತು. ಆದರೂ ಕೂತು ನೋಡುತ್ತೇವೆ, ಯಾಕೆಂದರೆ ಅವನ ಅಮ್ಮನ ಗತಿ ಏನು ಅಂತ ನಮಗೆ ಗೊತ್ತಿಲ್ಲ. ಮನೆಯಲ್ಲಿ ಅಮ್ಮನ ಮುಂದೆ ಅವನು ಇನ್ನೂ ಸಣ್ಣ ಹುಡುಗ. ಮೂರನೇ ಸೀಸನ್ನಿನಲ್ಲಿ ಅವನು ಊರಿನ ಮೇಯರ್ ಆಗುತ್ತಾನೆ, ಮುಂದೆ ರಿಡ್ಲರ್ ಅನ್ನುವ ವಿಲನ್ ಆಗಲಿರುವ ಎಡ್ ನಿಗ್ಮಾ ಅವನ ಬಲಗೈ. ಪೆಂಗ್ವಿನ್‌ಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ನಿಗ್ಮಾಗೆ ಬೇರೆ ಹುಡುಗಿ ಸಿಕ್ಕಾಗ ಹೊಟ್ಟೆಕಿಚ್ಚಿಗೆ ಅವಳನ್ನು ಕೊಲ್ಲಿಸುತ್ತಾನೆ. ಅದು ತಿಳಿದ ನಿಗ್ಮಾ ಅವನನ್ನು ಕರೆದುಕೊಂಡು ಹೋಗುವುದು ಎಲ್ಲಿಗೆ? ದಕ್ಕೆಗೇ. ಈ ಸಲ ಗುಂಡು ಸುಳ್ಳಲ್ಲ. ಇಷ್ಟರಲ್ಲಿ ಬ್ಯಾಟ್‌ಮ್ಯಾನ್ ಎಲ್ಲಿ ಅಂತ ಯಾರಾದರೂ ಕೇಳುತ್ತಾರಾ? ನನಗಂತೂ ನೆನಪೇ ಆಗಲಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದಲ್ಲ. 'ಭೀಷ್ಮ ವಿಜಯ' ಆಟಕ್ಕೆ ಹೋದವರು ಅರ್ಜುನ ಎಲ್ಲಿ ಅಂತ ಕೇಳುವುದಿಲ್ಲ. ಪಾಂಡವರು ಇನ್ನೂ ಹುಟ್ಟೇ ಇಲ್ಲ. ಭೀಷ್ಮ ಕೊನೆಗೆ ಬಾಣದ ಹಾಸಿಗೆಯಲ್ಲಿ ಮಲಗುತ್ತಾನೆ ಅಂತ ಚಾಪೆ ಹಾಸಿಕೊಂಡು ಕೂತ ಮಗುವಿಗೂ ಗೊತ್ತು. ಆದರೂ ಸಾಲ್ವನ ಹತ್ತಿರ ಬೇಡ ಅನ್ನಿಸಿಕೊಂಡ ಅಂಬೆ ವಾಪಸ್ ಬಂದು ಭೀಷ್ಮನ ಎದುರು ನಿಂತಾಗ ನಿದ್ದೆ ಹಾರಿಹೋಗುತ್ತದೆ. ಅಂಬೆಗೆ ಅವಳದೇ ಸಂಕಟ ಇದೆಯಲ್ಲ, ಅವಳು ಯಾರದೋ ಕಥೆಗೆ ಪೀಠಿಕೆ ಹಾಕುವುದಕ್ಕೆ ಬಂದವಳಲ್ಲ.

'ಗಾಥಮ್' ಎಡವುವುದು ಇಲ್ಲೇ. ಹುಡುಗ ಬ್ರೂಸ್ ಪೀಠಿಕೆ ಹಾಕುವುದಕ್ಕೇ ಬಂದವನು. ಡೇವಿಡ್ ಮಜೂಜ್ ಚೆನ್ನಾಗಿಯೇ ಮಾಡಿದ್ದಾನೆ, ಅವನ ತಪ್ಪೇನಿಲ್ಲ. ಆದರೆ ಈ ಹುಡುಗ ಸಾಯುವ ಹಾಗಿಲ್ಲ, ಪೂರ್ತಿ ಗೆಲ್ಲುವ ಹಾಗಿಲ್ಲ, ಬ್ಯಾಟ್‌ಮ್ಯಾನ್ ಆಗುವ ಹಾಗೂ ಇಲ್ಲ. ಐದು ಸೀಸನ್ ಅವನು ಆಸ್ಪತ್ರೆಯಲ್ಲಿ ಟೋಕನ್ ಹಿಡಿದುಕೊಂಡು ಕೂತವರ ಹಾಗೆ ಕಾಯುತ್ತಾನೆ. ಮನೆಯ ಕೆಳಗೆ ಗುಹೆ ಸಿಗುತ್ತದೆ, ಕಪ್ಪು ಬಟ್ಟೆ ಸಿಗುತ್ತದೆ, ಆಮೇಲೆ ಒಂದು ಕಾರೂ ಸಿಗುತ್ತದೆ. ಪ್ರತಿ ಸಲ 'ನೋಡಿದ್ರಾ, ಗೊತ್ತಾಯ್ತಾ?' ಅಂತ ನಮ್ಮ ಕಡೆ ಕಣ್ಣು ಹೊಡೆದ ಹಾಗೆ ಇರುತ್ತದೆ. ಗೊತ್ತಾಯ್ತು ಮಾರಾಯ್ರೆ, ಮುಂದೆ ಹೋಗಿ.

ಆದರೆ ಒಂದು ದೃಶ್ಯ ಹೇಳಲೇಬೇಕು. ಶಾಲೆಯಲ್ಲಿ ಒಬ್ಬ ಹುಡುಗ ಬ್ರೂಸ್‌ನನ್ನು ಅಮ್ಮನ ಸಾವಿನ ವಿಷಯ ಎತ್ತಿ ಕೆಣಕುತ್ತಾನೆ. ಮನೆ ನೋಡಿಕೊಳ್ಳುವ ಆಲ್ಫ್ರೆಡ್ ಬುದ್ಧಿ ಹೇಳುವುದು ಬಿಟ್ಟು, ಅಪ್ಪನ ವಾಚು ಅವನ ಕೈಗೆ ಕೊಟ್ಟು, ಸೀದಾ ಆ ಹುಡುಗನ ಮನೆಯ ಬಾಗಿಲಿಗೆ ಕರೆದುಕೊಂಡು ಹೋಗುತ್ತಾನೆ. ಬ್ರೂಸ್ ಆ ವಾಚನ್ನು ಬೆರಳಿಗೆ ಸುತ್ತಿಕೊಂಡು ಹೊಡೆಯುತ್ತಾನೆ. ಆಲ್ಫ್ರೆಡ್ ಸುಮ್ನೆ ನಿಂತು ನೋಡುತ್ತಾನೆ. ಅಲ್ಲಿ ಬಾವಲಿ ಇಲ್ಲ, ಗುಹೆ ಇಲ್ಲ, ಅಪ್ಪ ಇಲ್ಲದ ಒಂದು ಹುಡುಗ ಮತ್ತು ಅವನನ್ನು ಹೇಗೆ ಬೆಳೆಸಬೇಕು ಅಂತ ಗೊತ್ತಿಲ್ಲದ ಒಬ್ಬ ಹಳೇ ಸೈನಿಕ. ಇಂಥದ್ದು ಇನ್ನೂ ಹತ್ತು ಇದ್ದಿದ್ದರೆ ನಾನು ಈ ದೂರೇ ಹೇಳುತ್ತಿರಲಿಲ್ಲ.

ಇನ್ನೊಂದು ಎಡವಟ್ಟು, ಹೀರೋ ಬರುವುದರೊಳಗೆ ವಿಲನ್‌ಗಳೆಲ್ಲ ಬಂದು ಹೋಗಿರುತ್ತಾರೆ. ಮಿಸ್ಟರ್ ಫ್ರೀಝ್ ಬಂದ, ಸ್ಕೇರ್‌ಕ್ರೋ ಬಂದ, ರಾಸ್ ಅಲ್ ಗೂಲ್ ಬಂದ, ಕೊನೆಗೆ ಬೇನ್ ಕೂಡ ಬಂದ. ಐವಿ ಪಾತ್ರಕ್ಕಂತೂ ಐದು ಸೀಸನ್ನಿಗೆ ಮೂವರು ನಟಿಯರು. ಇಷ್ಟೆಲ್ಲ ಜನರನ್ನು ಗಾರ್ಡನ್ ಒಬ್ಬನೇ ಪಿಸ್ತೂಲು ಹಿಡಿದು ನಿಭಾಯಿಸಿಬಿಟ್ಟ ಮೇಲೆ ಬ್ಯಾಟ್‌ಮ್ಯಾನ್ ಬಂದು ಮಾಡುವುದೇನು? ಕೊನೆಯ ಎಪಿಸೋಡಿನಲ್ಲಿ ಕಥೆ ಹತ್ತು ವರ್ಷ ಮುಂದೆ ಜಿಗಿಯುತ್ತದೆ, ಪೆಂಗ್ವಿನ್ ಜೈಲಿನಿಂದ ದಪ್ಪಗಾಗಿ ಹೊರಗೆ ಬರುತ್ತಾನೆ. ನನಗೆ ಅನಿಸಿದ್ದು ಪಾಪ, ಇವನಿಗೆ ರಿಟೈರ್ ಆಗುವ ವಯಸ್ಸಾಯಿತಲ್ಲ ಅಂತ.

ಬ್ಯಾಟ್‌ಮ್ಯಾನ್‌ನ ದೊಡ್ಡ ವಿಲನ್ ಜೋಕರ್ ವಿಷಯ ಮಾತ್ರ ತಮಾಷೆಯಾಗಿದೆ. ಜೋಕರ್ ತರಹದ ನಗು, ಜೋಕರ್ ತರಹದ ಹುಚ್ಚು, ಎಲ್ಲಾ ಇದೆ, ಆದರೆ ಆ ಹೆಸರಿನಿಂದ ಅವನನ್ನು ಕರೆಯುವುದಿಲ್ಲ. ಕ್ಯಾಮರನ್ ಮೊನಹನ್ ಮೊದಲು ಜೆರೋಮ್ ಆಗಿ, ಆಮೇಲೆ ಅವನ ಅವಳಿ ಜೆರೆಮಾಯಾ ಆಗಿ ಬರುತ್ತಾನೆ. ಹೆಸರಿಲ್ಲದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಹೆಸರು ಇಲ್ಲದ ಕಾರಣಕ್ಕೆ ಅವನು ಏನು ಮಾಡುತ್ತಾನೆ ಅಂತ ಊಹಿಸುವುದಕ್ಕೆ ಆಗುವುದಿಲ್ಲ. ಜೆರೋಮ್ ಬಂದಾಗೆಲ್ಲ ನಾನು ಫೋನ್ ಕೆಳಗಿಟ್ಟು ನೋಡಿದ್ದೇನೆ.

ಸೂಪರ್‌ಮ್ಯಾನ್ ಹುಟ್ಟಿದ ಗ್ರಹದ ಕಥೆ 'ಕ್ರಿಪ್ಟಾನ್' ಇನ್ನೂ ಹಿಂದಕ್ಕೆ ಹೋಗುತ್ತದೆ. ಸೂಪರ್‌ಮ್ಯಾನ್ ಹುಟ್ಟುವುದಕ್ಕೆ 200 ವರ್ಷ ಮುಂಚೆ, ಅವನ ತಾತ ಸೆಗ್-ಎಲ್ ಕಥೆ. 2018ರಲ್ಲಿ ಶುರುವಾಗಿ 2019ರಲ್ಲಿ ನಿಂತಿತು, ಎರಡು ಸೀಸನ್, ಒಟ್ಟು 20 ಎಪಿಸೋಡ್. ಇಷ್ಟು ದೂರ ಹೋದ ಮೇಲೆ ಸೂಪರ್‌ಮ್ಯಾನ್ ಕಾಟ ಇರುವುದಿಲ್ಲ ಅಂದುಕೊಂಡೆ. ಆದರೆ ಭವಿಷ್ಯದಿಂದ ಆಡಮ್ ಸ್ಟ್ರೇಂಜ್ ಅನ್ನುವವನು ಸೂಪರ್‌ಮ್ಯಾನ್‌ನ ಕೆಂಪು ಕೇಪ್ ಹಿಡಿದುಕೊಂಡು ಬರುತ್ತಾನೆ. ಇತಿಹಾಸ ಹಾಳಾದಷ್ಟೂ ಕೇಪಿನ ಎಳೆಗಳು ಒಂದೊಂದಾಗಿ ಮಾಯವಾಗುತ್ತವೆ, ಪೂರ್ತಿ ಮಾಯವಾದರೆ ಸೂಪರ್‌ಮ್ಯಾನ್ ಹುಟ್ಟುವುದೇ ಇಲ್ಲ. ಮೊದಲು ನನಗೆ ಇದು ಅಗ್ಗದ ಉಪಾಯ ಅನಿಸಿತ್ತು. ಆಮೇಲೆ ಗೊತ್ತಾಗುತ್ತದೆ, ಆಡಮ್ ಪೂರ್ತಿ ನಿಜ ಹೇಳಿಲ್ಲ. ಸೂಪರ್‌ಮ್ಯಾನ್ ಭೂಮಿಗೆ ಬರಬೇಕು ಅಂದರೆ ಕ್ರಿಪ್ಟಾನ್ ಸಿಡಿದು ಹೋಗಲೇಬೇಕು. ಅಂದರೆ ಹುಟ್ಟದೇ ಇರುವ ಮೊಮ್ಮಗನಿಗಾಗಿ ನಿನ್ನ ಊರು, ನಿನ್ನ ಜನ ಎಲ್ಲಾ ಸಾಯುವುದಕ್ಕೆ ಬಿಡು ಅಂತ ಒಬ್ಬ ಯುವಕನನ್ನು ಕೇಳುತ್ತಿದ್ದಾರೆ. ಯಾರು ಒಪ್ಪುತ್ತಾರೆ ಹೇಳಿ? ಈ ಒಂದು ಪ್ರಶ್ನೆಗೋಸ್ಕರ ಮೊದಲ ಸೀಸನ್ ನೋಡಲೇಬೇಕು. ಇಲ್ಲಿ ಹೀರೋ ಇಲ್ಲದಿರುವುದೇ ಕಥೆ. ಮೊದಲ ಸೀಸನ್ ಕೊನೆಗೆ ಆ ಕೇಪಿನ ಮೇಲಿನ ಗುರುತೇ ಬದಲಾಗಿ ಸೂಪರ್‌ಮ್ಯಾನ್‌ನ ಶತ್ರು ಝಾಡ್ ಮನೆತನದ ಗುರುತು ಬಂದಾಗ ನಾನು 'ಅಯ್ಯೋ' ಅಂತ ಜೋರಾಗಿ ಅಂದುಬಿಟ್ಟೆ. ಎರಡನೇ ಸೀಸನ್ನಿನಲ್ಲಿ ಲೋಬೋ ಅನ್ನುವ ಬಾಡಿಗೆ ಬೇಟೆಗಾರ ಬಂದು ಮಜಾ ಕೊಡುತ್ತಾನೆ, ಆದರೆ ಕಥೆ ಮುಗಿಯದೆ ನಡುವೆಯೇ ನಿಂತುಹೋಯಿತು.

'ಪೆನ್ನಿವರ್ತ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರೂಸ್‌ನನ್ನು ಸಾಕಿದ ಅದೇ ಆಲ್ಫ್ರೆಡ್, ಹುಡುಗನಾಗಿದ್ದಾಗ, ಸೈನ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ಸೆಕ್ಯುರಿಟಿ ಕೆಲಸ ಶುರು ಮಾಡಿದ ಕಾಲ. 1960ರ ದಶಕ, ಆದರೆ ನಿಜವಾದ 60 ಅಲ್ಲ, ಗಲ್ಲಿಗೆ ಹಾಕುವುದನ್ನು ಟಿವಿಯಲ್ಲಿ ತೋರಿಸುವ ಬೇರೆಯದೇ ಇಂಗ್ಲೆಂಡ್. ಆಲ್ಫ್ರೆಡ್ ಮಾಡಿದ ಜ್ಯಾಕ್ ಬ್ಯಾನನ್ ಮಾತಾಡುವ ರೀತಿ ಕೇಳುವುದಕ್ಕೇ ಖುಷಿ. ಮೊದಲ ಎರಡು ಸೀಸನ್ ತನ್ನ ಪಾಡಿಗೆ ತಾನು ನಡೆಯುವ ಪತ್ತೇದಾರಿ ಕಥೆ. ಮೂರನೇ ಸೀಸನ್ ಹೊತ್ತಿಗೆ, 2022ರಲ್ಲಿ, ಎಚ್‌ಬಿಒ ಮ್ಯಾಕ್ಸ್‌ಗೆ ಬಂತು. ಬಂದಾಗ ಹೆಸರನ್ನೇ ಉದ್ದ ಮಾಡಿದರು, 'ಪೆನ್ನಿವರ್ತ್: ಬ್ಯಾಟ್‌ಮ್ಯಾನ್‌ನ ಬಟ್ಲರ್‌ನ ಮೂಲ' ಅನ್ನುವ ಅರ್ಥ ಬರುವ ಹಾಗೆ. ಅದನ್ನು ಓದಿ ನಗು ತಡೆಯುವುದಕ್ಕೆ ಆಗಲಿಲ್ಲ. ಅಂಗಡಿಯವನಿಗೇ ತನ್ನ ಸಾಮಾನಿನ ಮೇಲೆ ನಂಬಿಕೆ ಇಲ್ಲದೆ, ಪಕ್ಕದ ದೊಡ್ಡ ಅಂಗಡಿಯ ಹೆಸರನ್ನು ಬೋರ್ಡಿಗೆ ಸೇರಿಸಿಕೊಂಡ ಹಾಗೆ. ಕಥೆಯೂ ಅದಕ್ಕೆ ತಕ್ಕ ಹಾಗೆ ಆಯಿತು, ಸೂಪರ್ ಶಕ್ತಿ ಇರುವವರೆಲ್ಲ ಬಂದರು, ಇದ್ದ ಮಜಾ ಹೋಯಿತು. ಆ ಸೀಸನ್ನಿಗೇ ಮುಗಿಯಿತು.

'ಸ್ಮಾಲ್‌ವಿಲ್' ಇದರಲ್ಲಿ ಸೇರಿಸಬೇಕೋ ಬೇಡವೋ ಅಂತ ಅನುಮಾನ. ಅಲ್ಲಿ ಕ್ಲಾರ್ಕ್, ಅಂದರೆ ಹುಡುಗ ಸೂಪರ್‌ಮ್ಯಾನ್, ಇದ್ದಾನೆ, ಆದರೆ ಹಾರುವುದಿಲ್ಲ, ಆ ಬಟ್ಟೆ ಹಾಕುವುದಿಲ್ಲ, ಹೀಗೇ 2001ರಿಂದ 2011ರವರೆಗೆ 10 ಸೀಸನ್. ಅರ್ಧ ಹೀರೋ ಅಂದರೆ ಇವನೇ. ಹಾಗಿದ್ದರೂ ನಡೆಯಿತು, ಯಾಕೆಂದರೆ ಅಲ್ಲಿ ನಿಜವಾಗಿ ನೋಡುವುದಕ್ಕೆ ಇದ್ದದ್ದು ಅವನ ಮತ್ತು ಮುಂದೆ ಅವನ ಶತ್ರುವಾಗುವ ಲೆಕ್ಸ್ ಲೂಥರ್ ಗೆಳೆತನ ಹಾಳಾಗುವುದು. ಏಳನೇ ಸೀಸನ್ ಆದ ಮೇಲೆ ಲೆಕ್ಸ್ ಮಾಡಿದ ಮೈಕೆಲ್ ರೋಸೆನ್‌ಬಾಮ್ ಬಿಟ್ಟು ಹೋದ. ನಾನೂ ಹೆಚ್ಚುಕಮ್ಮಿ ಅಲ್ಲಿಗೇ ಬಿಟ್ಟೆ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ನನ್ನ ಉತ್ತರ 'ಏಜೆಂಟ್ ಕಾರ್ಟರ್'. ಇದು ಕ್ಯಾಪ್ಟನ್ ಅಮೆರಿಕನ ಮೊದಲ ಸಿನಿಮಾದ ಆಮೇಲಿನ ಕಥೆ, ಉಳಿದ ಹೀರೋಗಳೆಲ್ಲ ಬರುವುದಕ್ಕೆ ಮುಂಚಿನದು. 1946, ನ್ಯೂಯಾರ್ಕ್. ಸ್ಟೀವ್, ಅಂದರೆ ಕ್ಯಾಪ್ಟನ್ ಅಮೆರಿಕ, ಇಲ್ಲ, ಸತ್ತಿದ್ದಾನೆ ಅಂತ ಎಲ್ಲರೂ ನಂಬಿದ್ದಾರೆ. ಯುದ್ಧದಲ್ಲಿ ಅವನ ಜೊತೆ ದುಡಿದ ಪೆಗ್ಗಿ ಕಾರ್ಟರ್‌ಗೆ ಆಫೀಸಿನಲ್ಲಿ ಗಂಡಸರು ಫೈಲು ಜೋಡಿಸುವ, ಕಾಫಿ ತರುವ ಕೆಲಸ ಕೊಡುತ್ತಾರೆ. ಇದರ ಮೇಲೆ ರೇಡಿಯೋದಲ್ಲಿ ಕ್ಯಾಪ್ಟನ್ ಅಮೆರಿಕನ ಸಾಹಸದ ನಾಟಕ ಬರುತ್ತಿರುತ್ತದೆ, ಅದರಲ್ಲಿ ಪೆಗ್ಗಿಯನ್ನೇ ಹೋಲುವ ಒಂದು ಹುಡುಗಿ 'ಕಾಪಾಡಿ, ಕಾಪಾಡಿ' ಅಂತ ಕೂಗುತ್ತಾಳೆ. ಅದೇ ಹೊತ್ತಿಗೆ ನಿಜವಾದ ಪೆಗ್ಗಿ ಯಾರನ್ನೋ ಗೋಡೆಗೆ ಬಡಿಯುತ್ತಿರುತ್ತಾಳೆ. ಹೀರೋನನ್ನು ಇಷ್ಟು ಚೆನ್ನಾಗಿ ಹೊರಗೆ ಇಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನ ಹೆಸರಿದೆ, ದನಿ ಇದೆ, ಅದೂ ನಕಲಿ ದನಿ. ಅವನು ಮಾತ್ರ ಇಲ್ಲ.

ಮೊದಲ ಸೀಸನ್ನಿನ ಕೊನೆಯಲ್ಲಿ ಪೆಗ್ಗಿಯ ಗೆಳೆಯ, ಆಯುಧ ತಯಾರಿಸುವ ಹಾವರ್ಡ್ ಸ್ಟಾರ್ಕ್ ಮಂಕುಬೂದಿಗೆ ಸಿಕ್ಕಿ, ಸ್ಟೀವ್‌ನನ್ನು ಹುಡುಕಿಕೊಂಡು ಹೋಗುತ್ತಿದ್ದೇನೆ ಅಂದುಕೊಂಡು ವಿಮಾನ ಹಾರಿಸುತ್ತಿರುತ್ತಾನೆ. ಕೆಳಗೆ ಪೆಗ್ಗಿ ರೇಡಿಯೋ ಹಿಡಿದು ಅವನನ್ನು ವಾಪಸ್ ಕರೆಯಬೇಕು. ಹೀಗೇ ರೇಡಿಯೋ ಹಿಡಿದು ಅವಳು ಒಮ್ಮೆ ಸ್ಟೀವ್ ಜೊತೆ ಕೊನೆಯ ಮಾತಾಡಿದ್ದಳು. ಈಗ ಹಾವರ್ಡ್‌ಗೆ 'ಸ್ಟೀವ್ ಇಲ್ಲ' ಅಂತ ಹೇಳುವಾಗ ತನಗೂ ಅದನ್ನೇ ಹೇಳಿಕೊಳ್ಳುತ್ತಿದ್ದಾಳೆ. ಆಮೇಲೆ ಸೇತುವೆಯ ಮೇಲೆ ನಿಂತು, ಉಳಿದಿದ್ದ ಸ್ಟೀವ್‌ನ ರಕ್ತದ ಸೀಸೆಯನ್ನು ನದಿಗೆ ಸುರಿಯುತ್ತಾಳೆ. ಪೆಗ್ಗಿ ಮಾಡಿದ ಹೇಲಿ ಆಟ್‌ವೆಲ್ ಮುಖ ನೋಡಬೇಕು ಆಗ. ಎಂಟೇ ಎಪಿಸೋಡ್, ಎರಡು ರಾತ್ರಿಯಲ್ಲಿ ಮುಗಿಯುತ್ತದೆ.

ಎರಡನೇ ಸೀಸನ್ 10 ಎಪಿಸೋಡ್, ಕಥೆ ಲಾಸ್ ಏಂಜಲೀಸ್‌ಗೆ ಹೋಗುತ್ತದೆ, ಸ್ವಲ್ಪ ಸಡಿಲ. ನೋಡಿ, ಆದರೆ ಕೊನೆಯ ಎರಡು ನಿಮಿಷಕ್ಕೆ ಮೊದಲೇ ಟಿವಿ ಆರಿಸಿಬಿಡಿ. ಹೋಟೆಲ್ ರೂಮಿನಲ್ಲಿ ಪೆಗ್ಗಿಯ ಆಫೀಸಿನ ಥಾಂಪ್ಸನ್‌ಗೆ ಯಾರೋ ಬಂದು ಗುಂಡು ಹಾರಿಸಿ ಫೈಲು ಎತ್ತಿಕೊಂಡು ಹೋಗುತ್ತಾರೆ, 2016ರಲ್ಲಿ ಸೀರೀಸೇ ನಿಂತುಹೋಯಿತು. ಹೊಡೆದವನು ಯಾರು ಅಂತ ಆ ಸೀರೀಸ್ ಹೇಳಲೇ ಇಲ್ಲ.