ಥಿನ್ನರ್ ರೂಮಿನ ವೈರಿಂಗ್: ಜಿಐ ಪೈಪೋ, ಆರ್ಮರ್ಡ್ ಕೇಬಲ್ಲೋ?

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕಡೆ ಪೇಂಟು, ಥಿನ್ನರ್ ಇಡುವ ಶೆಡ್‌ಗಳಿಗೆ ವೈರಿಂಗ್ ಮಾಡುತ್ತೇನೆ. ಪಾರ್ಟಿಗಳು ಮೊದಲು ಕೇಳುವುದು ಇದನ್ನೇ: "ಪೈಪ್ ಹಾಕ್ತೀರಾ, ಕೇಬಲ್ ಎಳೀತೀರಾ ಅಣ್ಣಾ?" ಜಿಐ ಅಂದರೆ ಸತು ಲೇಪಿಸಿದ ಪೈಪಿನೊಳಗೆ ವೈರ್ ಎಳೆಯುವುದು, ಲೋಹದ ತಂತಿ ಸುತ್ತಿದ ಆರ್ಮರ್ಡ್ ಕೇಬಲ್ ಹಾಕುವುದು, ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಕೇಬಲ್‌ಗೆ.

ಪೈಪ್ ಗಟ್ಟಿ, ಒಪ್ಪುತ್ತೇನೆ. ಬ್ಯಾರಲ್ ಉರುಳಿ ಬಡಿದರೂ ವೈರಿಗೆ ಏನೂ ಆಗಲ್ಲ. ತೊಂದರೆ ಇರುವುದು ಅದರ ಟೊಳ್ಳಿನಲ್ಲಿ. ಥಿನ್ನರ್‌ನಲ್ಲಿರುವ ಟೊಲ್ಯೂಯಿನ್ ಆವಿ ಗಾಳಿಯಲ್ಲಿ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿಯಾದರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದು ಪೈಪಿನೊಳಗೆ ತುಂಬಿದ್ದಾಗ ಸ್ವಿಚ್ಚಿನಲ್ಲಿ ಕಿಡಿ ಹಾರಿದರೆ ಬೆಂಕಿ ಪೈಪಿನುದ್ದಕ್ಕೂ ಓಡುತ್ತದೆ. ಓಡುತ್ತಾ ಒತ್ತಡವನ್ನೂ ಏರಿಸುತ್ತದೆ. ಅದಕ್ಕೇ ಸ್ವಿಚ್ ಬಾಕ್ಸಿನ ಪಕ್ಕದಲ್ಲೇ ಸೀಲಿಂಗ್ ಫಿಟ್ಟಿಂಗ್ (ಪೈಪಿನ ದಾರಿ ಮುಚ್ಚುವ ತುಂಡು) ಹಾಕಬೇಕು. ಅಮೆರಿಕದ ವೈರಿಂಗ್ ಕೋಡ್ 18 ಇಂಚಿನೊಳಗೆ ಅನ್ನುತ್ತದೆ. ಒಳಗೆ ವೈರುಗಳನ್ನು ಬಿಡಿಸಿ, ಕೆಳಗೆ ಫೈಬರ್ ತುರುಕಿ, ಕಾಂಪೌಂಡ್ ಸುರಿಯಬೇಕು. ಗಟ್ಟಿಯಾದ ಮೇಲೆ ಇನ್ನೊಂದು ವೈರ್ ಎಳೆಯಬೇಕೆಂದರೆ ಪೈಪನ್ನೇ ಕತ್ತರಿಸಬೇಕು.

ಕಾಂಪೌಂಡ್ ಸುರಿದಿದ್ದಾರೋ ಇಲ್ಲವೋ, ಹೊರಗಿನಿಂದ ಗೊತ್ತೇ ಆಗಲ್ಲ. ಬೇರೆಯವರು ಮಾಡಿಹೋದ ಒಂದು ಶೆಡ್‌ನಲ್ಲಿ ಲೈನ್ ಆಫ್ ಮಾಡಿ ಫಿಟ್ಟಿಂಗ್‌ನ ಪ್ಲಗ್ ಬಿಚ್ಚಿದೆ. ಸ್ಕ್ರೂಡ್ರೈವರ್ ಸಲೀಸಾಗಿ ಒಳಗೆ ಹೋಯಿತು. ಬರೀ ವೈರು, ಬರೀ ಗಾಳಿ. ಮೇಲೆ ಮಾತ್ರ ಚೆಂದದ ಪೇಂಟು!

ಒಳಗೆ ಪೂರ್ತಿ ತುಂಬಿಕೊಂಡಿರುವ ಆರ್ಮರ್ಡ್ ಕೇಬಲ್ ಆದರೆ ಬೆಂಕಿ ಓಡಲು ದಾರಿ ಸಿಗುವುದು ಕಷ್ಟ. ಇಲ್ಲಿ ಜೀವ ಇರುವುದು ಗ್ಲ್ಯಾಂಡಿನಲ್ಲಿ, ಅಂದರೆ ಕೇಬಲ್ ಬಾಕ್ಸಿನೊಳಗೆ ಹೋಗುವ ಜಾಗದಲ್ಲಿ ಅದನ್ನು ಬಿಗಿಹಿಡಿಯುವ ಬಿಡಿಭಾಗದಲ್ಲಿ. ಫ್ಲೇಮ್‌ಪ್ರೂಫ್ (ಒಳಗಿನ ಬೆಂಕಿಯನ್ನು ಹೊರಗೆ ಬಿಡದ) ಡಬಲ್ ಕಂಪ್ರೆಷನ್ ಗ್ಲ್ಯಾಂಡೇ ಆಗಬೇಕು: ಒಂದು ರಬ್ಬರ್ ಕೇಬಲ್ಲಿನ ಒಳಗಿನ ಶೀತ್ (ಹೊದಿಕೆ) ಹಿಡಿಯುತ್ತದೆ, ಇನ್ನೊಂದು ಹೊರಗಿನದ್ದನ್ನು, ನಡುವೆ ಕೋನ್ ಆರ್ಮರ್ ತಂತಿಗಳನ್ನು ಕಚ್ಚುತ್ತದೆ. ಸೈಜ್ ಒಂದು ದೊಡ್ಡದಾದರೆ ಎಷ್ಟು ತಿರುಗಿಸಿದರೂ ರಬ್ಬರ್ ಹಿಡಿಯಲ್ಲ. ಕೇಬಲ್ಲಿನ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ. ಕಣ್ಣಳತೆ ಬೇಡ, ವರ್ನಿಯರ್ ಹಿಡಿದು ಅಳೆದೇ ತರಬೇಕು. ಬಿಗಿ ಮಾಡಿದ ಮೇಲೆ ಕೇಬಲ್ ಹಿಡಿದು ತಿರುಚಿ ನೋಡುತ್ತೇನೆ, ಅಲುಗಾಡಬಾರದು. ಒಂದು ಷರತ್ತು ಇದೆ: ಕೇಬಲ್ 3 ಮೀಟರ್‌ಗಿಂತ ಚಿಕ್ಕ ತುಂಡಾದರೆ ಬ್ಯಾರಿಯರ್ ಗ್ಲ್ಯಾಂಡ್ (ಒಳಗೆ ಕಾಂಪೌಂಡ್ ತುಂಬುವಂಥದ್ದು) ಬೇಕು.

ಸಾಮಾನಿಗೆ ಕೇಬಲ್ಲೇ ದುಬಾರಿ, ಕೂಲಿ ಕಡಿಮೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಟ್ಯಾಂಕಿನ ಲೆವೆಲ್ ಸ್ವಿಚ್ಚಿಗಾದರೆ ಈ ಜಗಳವೇ ಬೇಡ. ವೋಲ್ಟೇಜು, ಕರೆಂಟನ್ನು ಮಿತಿಯಲ್ಲಿಡುವ ಜೀನರ್ ಬ್ಯಾರಿಯರ್ ಹಾಕಿದರೆ ಕಿಡಿ ಹೊತ್ತಿಸುವಷ್ಟು ಶಕ್ತಿಯೇ ಒಳಗೆ ಹೋಗಲ್ಲ. ಮೋಟರು, ಲೈಟುಗಳಿಗೆ ಮಾತ್ರ ಅದು ಆಗುವ ಕೆಲಸವಲ್ಲ.

ಎರಡರಲ್ಲಿ ಯಾವುದೇ ಮಾಡಿಸಿ, ಬಾಕ್ಸಿನ ಖಾಲಿ ತೂತಿಗೆ ಪ್ಲಾಸ್ಟಿಕ್ ಬಿರಡೆ ಹಾಕಿದ್ದರೆ ಬಿಲ್ ಕೊಡಬೇಡಿ. ಫ್ಲೇಮ್‌ಪ್ರೂಫ್ ಸ್ಟಾಪಿಂಗ್ ಪ್ಲಗ್ ಕೇಳಿ. ಸಾಧ್ಯವಾದರೆ ಸ್ವಿಚ್ ಬೋರ್ಡನ್ನೇ ರೂಮಿನಾಚೆ, ಬಾಗಿಲಿಂದ ದೂರ ಹಾಕಿಸಿ. ಆವಿ ಗಾಳಿಗಿಂತ ಭಾರ, ಬಾಗಿಲ ಸಂದಿಯಲ್ಲೇ ನುಸುಳಿ ಬರುತ್ತದೆ.